ಸೀತಾಫಲದ ಗಿಡಕ್ಕೆ ಕಟ್ಟಿದ ಚಪ್ಪಲಿ

ಅಕ್ಕಿಗೆ ನುಸಿ ಬಿದ್ದಿತ್ತು. ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಕೇರುತ್ತಿದ್ದೆ. ಮಳೆಗಾಲಕ್ಕೆ ಮೊದಲೇ ಒಂದು ದಿನ ಬಿಸಿಲಿಗೆ ಹಾಕಬೇಕಿತ್ತು, ಹಾಕಿರಲಿಲ್ಲ. ಅಷ್ಟರಲ್ಲಿ ಮೊಳಕಾಲ ಹತ್ತಿರ ಇಟ್ಟಿದ್ದ ಫೋನು ಗುಂಯ್ ಎಂದಿತು. ಬಾಜೂ ಮನೆಯ ಮಾಲಕಿ. ಆಕೆ ಇರುವುದು ಮುದಗಲ್ಲಿನಲ್ಲಿ, ಸಿಂಧನೂರಿನ ಈ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾಳೆ.

"ಅಕ್ಕಾರ, ಆ ಮಾಸ್ತರು ಮನಿ ಖಾಲಿ ಮಾಡಾಕತ್ತಾರ. ಲಿಂಗಸೂಗೂರಿಗೆ ವರ್ಗ ಆಗ್ಯದಂತ. ಐತ್ವಾರ ಗಾಡಿ ಬರ್ತದ" ಎಂದಳು.

"ಹೌದೇನು?" ಎಂದೆ.

"ಈ ಸಲ ನಮ್ಮ ಮಂದಿ ಯಾರರ ಇದ್ರ ನೋಡ್ರಿ. ನಿಮಗೂ ಸಮಾಧಾನ ಆಗ್ತದ. ನೀವು ಗಿಡಕ್ಕ ಚಪ್ಪಲಿ ಕಟ್ಟಿದ್ದು ನಾ ನೋಡೀನಲ್ಲ! ಬಾಯಿಲೆ ಹೇಳಲಾರದ್ದು ಕೈಲೆ ಮಾಡಿ ತೋರ್ಸಿದ್ರಿ ಬಿಡ್ರಿ" ಎಂದು ನಕ್ಕಳು.

ಅಲ್ಲ ರೀ, ಅದು ದೃಷ್ಟಿಗೆ ಕಟ್ಟಿದ್ದು ಎನ್ನಬೇಕಿತ್ತು. "ನೋಡ್ತೀನಿ" ಎಂದು ಫೋನು ಇಟ್ಟೆ. ನೋಡ್ತೀನಿ ಎಂದೆನಲ್ಲ, ಅದಕ್ಕೂ ನನಗೆ ನಾಚಿಕೆಯಾಗುತ್ತದೆ.

ಮಸ್ಕಿ ನನ್ನ ತವರು. ಅಲ್ಲಿಯ ಗುಡ್ಡದ ಸೀತಾಫಲವನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದು ಮಾರುತ್ತಾರೆ. ಅವ್ವ ಒಂದು ವರ್ಷ ಕೊಟ್ಟು ಕಳಿಸಿದ ಹಣ್ಣು ತಿಂದು, ನಾಲ್ಕು ಬೀಜವನ್ನು ಕಂಪೌಂಡ್ ಗೋಡೆಯ ಮಗ್ಗುಲಿಗೆ ಊರಿದ್ದೆ. ಒಂದು ಎದ್ದಿತು. ಗೋಡೆಯ ಆಚೆಗೆ ಟೊಂಗೆ ಚಾಚಿ, ಬಾಜೂ ಮನೆಯವರು ಓಡಾಡುವ ಸಂದಿಗೂ ನೆರಳು ಕೊಟ್ಟಿತು. ಐದಾರು ವರ್ಷ ಬುಟ್ಟಿಗಟ್ಟಲೆ ಕಾಯಿ ಬಿಟ್ಟಿತು. ಆಗ ಆ ಮನೆಯಲ್ಲಿ ನಮ್ಮವರೇ, ಲಿಂಗ ಕಟ್ಟಿಕೊಂಡವರು ಬಾಡಿಗೆಗೆ ಇದ್ದರು. ಗೋಡೆಯ ಮೇಲಿಂದಲೇ ಅವರಿಗೆ ಹಣ್ಣು ದಾಟಿಸುತ್ತಿದ್ದೆ.

ಅವರು ಹೋದ ಮೇಲೆ ಈ ಮಾಸ್ತರ ಸಂಸಾರ ಬಂತು. ಗಂಡ, ಹೆಂಡತಿ, ಒಬ್ಬಳೇ ಮಗಳು. ಹಾಲು ಉಕ್ಕಿಸುವ ದಿನ ಕರೆದರೆಂದು ಹೋದೆ. ಪಡಸಾಲೆಯಲ್ಲಿ ಬುದ್ಧನ ಮೂರ್ತಿ, ಮುಂದೆ ಮೇಣದಬತ್ತಿ. ಯಾವ ಮಂದಿ ಎಂದು ತಿಳಿಯಿತು. ಆಕೆ ಚಹಾ ತಂದು ಕೊಟ್ಟಳು. "ಇವತ್ತು ಒಪ್ಪತ್ತು ಅದ" ಎಂದೆ. ಒಪ್ಪತ್ತಿಗೆ ಚಹಾ ನಡೆಯುತ್ತದೆ ಎಂಬುದು ಅವಳಿಗೂ ಗೊತ್ತು. ಕಪ್ಪನ್ನು ಒಳಗೆ ತೆಗೆದುಕೊಂಡು ಹೋದಳು. ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು, ಎಲ್ಲರೂ ಒಂದೇ ಎಂದು ಓದುವ ಬಾಯಿ ನನ್ನದು.

ಆದರೂ ಅವಳು ಮಾತು ಬಿಡಲಿಲ್ಲ. ಅದೇ ಬೇಸಿಗೆಯ ಕೊನೆಗೆ ಗಿಡ ಹೂವಾದಾಗ ಗೋಡೆಯ ಆಚೆಯಿಂದ ಕತ್ತೆತ್ತಿ, "ಅಬ್ಬಾ, ಏನ್ ಹೂ ಬಿಟ್ಟಾದ್ರಿ ಅಕ್ಕಾರ! ಎಲಿಗಿಂತ ಹೂನ ಭಾಳ ಅದಾವ" ಎಂದಳು. ಆ ವರ್ಷ ಒಂದು ಕಾಯಿಯೂ ನಿಲ್ಲಲಿಲ್ಲ. ಹೂವೆಲ್ಲ ಉದುರಿ ಕಸಬರಿಗೆಗೆ ಬಂತು. ಅವಳ ಮಾತು ನೆನಪಿಗೆ ಬಂತು, ಅವಳ ಕಣ್ಣು ತಾಗಿತು ಎಂದುಕೊಂಡೆ.

ಅದೇ ವಾರ ನಾನು ಏನು ಮಾಡಿದ್ದೆ ಎಂಬುದು ಮಾತ್ರ ನೆನಪಿಗೆ ಬರಲಿಲ್ಲ. ಹೂವಿನ ಸಂದಿಯಲ್ಲಿ ಎಳ್ಳಿನ ಕಾಳಿನಂಥ ಕರಿ ಹುಳ ಕಂಡಿದ್ದವು. ನಮ್ಮ ಭತ್ತದ ಗದ್ದೆಗೆ ತಂದು ಉಳಿದ ಹುಳದ ಔಷಧ ಹಿತ್ತಲಲ್ಲಿತ್ತು. ನಮ್ಮ ಕಡೆ ಅದಕ್ಕೆ ಎಣ್ಣೆ ಎನ್ನುತ್ತೇವೆ. ಅದನ್ನೇ ನೀರಿಗೆ ಬೆರೆಸಿ, ಪಂಪು ಬೆನ್ನಿಗೆ ಹಾಕಿಕೊಂಡು, ಗಿಡ ತೊಯ್ಯುವಷ್ಟು ಹೊಡೆದಿದ್ದೆ.

ಮುಂದಿನ ವರ್ಷ ಮೊಗ್ಗು ಕಂಡ ಕೂಡಲೇ ನನ್ನ ಹಳೆಯ ಚಪ್ಪಲಿಯೊಂದನ್ನು ಸುತಳಿಯಿಂದ ಟೊಂಗೆಗೆ ಕಟ್ಟಿದೆ. ನಮ್ಮ ಕಡೆಯೂ ಟೊಂಗೆಗಳಿದ್ದವು. ಆದರೆ ಆಚೆ ಕಡೆಯ ಟೊಂಗೆಗೆ, ಅವರ ಬಾಗಿಲಿಗೆ ಎದುರಾಗಿ ಕಟ್ಟಿದೆ. ಎಣ್ಣೆಯನ್ನೂ ಮತ್ತೊಮ್ಮೆ ಹೊಡೆದೆ. ಕಾಯಿ ನಿಲ್ಲಲಿಲ್ಲ. ಅವಳು ಗೋಡೆಯ ಹತ್ತಿರ ಬರುವುದನ್ನು ಬಿಟ್ಟಳು. ನೋಡು, ಕಳ್ಳ ಮನಸ್ಸು, ಅದಕ್ಕೇ ಮೋರೆ ತಪ್ಪಿಸುತ್ತಾಳೆ ಎಂದು ನಮ್ಮ ಮನೆಯವರ ಮುಂದೆ ಆಡಿದೆ. ಅವರು ಊಟದ ತಟ್ಟೆಯಿಂದ ತಲೆ ಎತ್ತದೆ, "ಗಿಡಕ್ಕ ಗೊಬ್ಬರ ಹಾಕೋದು ಬಿಟ್ಟು ಚಪ್ಪಲಿ ಹಾಕ್ಯಾಳ" ಎಂದು ನಕ್ಕರು. ಆ ನಗುವಿನಲ್ಲಿದ್ದ ಬುದ್ಧಿಯೂ ನನಗೆ ತಾಗಲಿಲ್ಲ.

ಚಪ್ಪಲಿ ಎರಡು ಮಳೆಗಾಲ ನೆನೆಯಿತು.

ಈ ಜೂನಿನಲ್ಲಿ ಹೊಸಬರಿಗೆ ಹಿತ್ತಲ ತೋಟ ಮಾಡುವುದನ್ನು ಕಲಿಸುವ ಹತ್ತು ದಿನದ ತರಗತಿ ಇಲ್ಲಿಯೇ ನಡೆಯಿತು. ಹೆಂಗಸರಿಗೆ ಬಿಟ್ಟಿ. ಬೆಳಗಿನ ಪೂಜೆ ಮುಗಿಸಿ, ರೊಟ್ಟಿ ಬಡಿದಿಟ್ಟು ಹೋಗುತ್ತಿದ್ದೆ. ಸಾಲಗುಂದದಿಂದಲೂ ನಾಲ್ಕು ಮಂದಿ ಬರುತ್ತಿದ್ದರು. ಮೊದಲ ದಿನ ಹೋಗಿ ಜಮಖಾನದ ಮೇಲೆ ಕುಳಿತರೆ, ಹಿಂದಿನ ಸಾಲಿನಲ್ಲಿ ಬಾಜೂ ಮನೆಯಾಕೆ! ತಲೆ ಬಾಗಿಸಿ ನಮಸ್ಕಾರ ಮಾಡಿದಳು. ನಾನು ಪುಸ್ತಕ ತೆರೆದೆ.

ಗೊಬ್ಬರ ಮಾಡುವುದು, ಕಾಗದದ ಲೋಟದಲ್ಲಿ ಸಸಿ ಎಬ್ಬಿಸುವುದು, ಹಳೆಯ ಅಕ್ಕಿಚೀಲದ ದಾರ ಬಿಚ್ಚಿ ಹೂಕುಂಡ ತೂಗುಹಾಕುವ ಜಾಲಿ ಹೆಣೆಯುವುದು, ಎಲ್ಲ ಕಲಿಸಿದರು. ಜಾಲಿ ಹೆಣೆಯುವುದರಲ್ಲಿ ಅವಳ ಕೈ ಎಲ್ಲರಿಗಿಂತ ಚುರುಕು. ನನ್ನದು ಮೂರು ಸಲ ಬಿಚ್ಚಿಹೋಯಿತು.

ಐದನೆಯ ದಿನ ಕಲಿಸುವ ಮೇಡಂ ಒಂದು ಸೀತಾಫಲದ ಹೂವು ತಂದಿದ್ದರು. ದಪ್ಪನೆಯ ಮೂರು ಎಸಳನ್ನು ಉಗುರಿನಿಂದ ಬಿಡಿಸಿ ಒಳಗಿನ ಪುಟ್ಟ ಉಬ್ಬು ತೋರಿಸಿದರು. ಮೆಕ್ಕೆಜೋಳಕ್ಕೆ ಗಾಳಿ ಸಾಕು, ಗಾಳಿಯೇ ಗಂಡಿನ ಹಿಟ್ಟು ಒಯ್ದು ಹೆಣ್ಣಿಗೆ ಮುಟ್ಟಿಸುತ್ತದೆ. ಈ ಗಿಡಕ್ಕೆ ಗಾಳಿ ಸಾಲದು ಎಂದರು. ಒಂದೇ ಹೂವಿನಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಆದರೆ ಇಬ್ಬರ ಹೊತ್ತು ಬೇರೆ.

"ಆಕಿ ತಯಾರಾಗಿ ಕುಂತಾಗ ಅಂವ ಮಲಗಿರ್ತಾನ. ಅಂವ ಎದ್ದು ಬರೋದ್ರೊಳಗ ಆಕಿ ಬಾಗಲಾ ಹಾಕ್ಕೊಂಡಿರ್ತಾಳ" ಎಂದರು ಮೇಡಂ.

"ನಮ್ಮನ್ಯಾಗೂ ಅದ ನಡದಾದ್ರಿ ಮೇಡಂ!" ಎಂದಳು ಸಾಲಗುಂದದ ಒಬ್ಬಾಕೆ. ಜಮಖಾನದ ತುಂಬ ನಗು. ಸೆರಗು ಬಾಯಿಗೆ ಅಡ್ಡ ಹಿಡಿದು ನಾನೂ ನಕ್ಕೆ.

ನಗು ನಿಂತ ಮೇಲೆ ಮೇಡಂ ಹೇಳಿದರು: ಆಗ ಒಂದು ಹೂವಿನ ಹಿಟ್ಟನ್ನು ಇನ್ನೊಂದು ಹೂವಿಗೆ ಮುಟ್ಟಿಸುವವರು ಬೇಕು. ಮುಟ್ಟಿಸುವುದು ಎಳ್ಳಿನಷ್ಟು ಸಣ್ಣ ಕರಿ ಹುಳ. ಅವು ಹೂವು ತಿನ್ನಲು ಬಂದವು ಎಂದು ಎಣ್ಣೆ ಹೊಡೆದರೆ ಕಾಯಿಯ ಆಸೆ ಬಿಡಬೇಕು.

ಬೆನ್ನಿಗೆ ಹಾಕಿಕೊಂಡಿದ್ದ ಪಂಪು ಆಗ ನೆನಪಿಗೆ ಬಂತು.

"ಯಾರ ಮನ್ಯಾಗ ಸೀತಾಫಲ ಅದ?" ಎಂದು ಕೇಳಿದರು. ಸುಮ್ಮನಿರಬಹುದಿತ್ತು. ಕೈ ಎತ್ತಿಬಿಟ್ಟಿದ್ದೆ. "ಕಾಯಿ ಹಿಡೀತದೇನ್ರಿ?" "ಎರಡ್ಮೂರು ವರ್ಷ ಆತ್ರಿ, ಹಿಡಿಯವಲ್ದು." "ಎಣ್ಣಿ ಗಿಣ್ಣಿ ಹೊಡದೀರೇನು?"

"ಇಲ್ರಿ ಮೇಡಂ, ದೇವರಾಣಿ" ಎಂದೆ.

ಹಾಗೆಂದೆ. ಕೊರಳಲ್ಲಿ ಲಿಂಗ ಇಟ್ಟುಕೊಂಡು, ಮೂವತ್ತು ಹೆಂಗಸರ ನಡುವೆ, ದೇವರ ಆಣೆ ಇಟ್ಟು ಸುಳ್ಳು ಹೇಳಿದೆ. ಹಿಂದಕ್ಕೆ ಹೊರಳಿ ನೋಡುವ ಧೈರ್ಯ ಬರಲಿಲ್ಲ. ಆಮೇಲೆ ಓರೆಗಣ್ಣಿನಿಂದ ನೋಡಿದರೆ, ಅವಳು ತಲೆ ಬಗ್ಗಿಸಿ ದಾರದ ಗಂಟು ಹಾಕುತ್ತಿದ್ದಳು. ನಾನು ಎಣ್ಣೆ ಹೊಡೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಒಂದು ಮಾತು ಆಡಿದ್ದರೆ ನನ್ನ ಮಾನ ಅಲ್ಲಿಯೇ ಹರಾಜಾಗುತ್ತಿತ್ತು. ಆಡಲಿಲ್ಲ. ನಾನು ರಾತ್ರಿ ಮಲಗುವಾಗ ಆ ದಿನ ಶಿವ ಕೊಟ್ಟ ಒಳ್ಳೆಯದನ್ನೆಲ್ಲ ಬೆರಳು ಮಡಚಿ ಎಣಿಸುವವಳು: ಹಾಲು ಒಡೆಯಲಿಲ್ಲ, ಕಾಲುನೋವು ಕಡಿಮೆ ಇತ್ತು, ಹೀಗೆ. ಅಂದು ಮೊದಲ ಬೆರಳು ಅವಳ ಮೌನಕ್ಕೆ ಮಡಚಬೇಕಿತ್ತು. ಮಡಚಿದೆ. ಆದರೆ ಅದನ್ನೂ ಶಿವನ ಲೆಕ್ಕಕ್ಕೆ ಹಾಕಿದೆನೇ ಹೊರತು ಅವಳ ಲೆಕ್ಕಕ್ಕಲ್ಲ.

ಆ ಸಂಜೆಯೇ ಸುತಳಿ ಕೊಯ್ದು ಚಪ್ಪಲಿಯನ್ನು ಕಸದ ಗಾಡಿಗೆ ಹಾಕಿದೆ. ಮೇಡಂ ಹೇಳಿಕೊಟ್ಟಂತೆ ಸಣ್ಣ ಕುಂಚ ತಂದು, ಪೂರ್ತಿ ಅರಳಿದ ಹೂವಿನ ಹಿಟ್ಟು ತೆಗೆದು, ಆಗಷ್ಟೇ ಬಾಯಿ ಬಿಡುತ್ತಿದ್ದ ಹೂವಿಗೆ ಮುಟ್ಟಿಸಿದೆ. ಮೂರು ವಾರದಲ್ಲಿ ಬಟಾಣಿ ಗಾತ್ರದ ಹನ್ನೊಂದು ಹೀಚು ನಿಂತವು. ಶಿವ ಕ್ಷಮಿಸಿದ ಎಂದುಕೊಂಡೆ. ಶಿವನೇ ಕ್ಷಮಿಸಿದ ಮೇಲೆ ಬಾಜೂ ಮನೆಗೆ ಹೋಗಿ ಹೇಳುವುದೇನಿದೆ ಎಂದು ಆರಾಮಾಗಿದ್ದೆ. ಮುದಗಲ್ಲಿನ ಆ ಫೋನು ಬರುವವರೆಗೆ.

ಮೊರವನ್ನು ಕಟ್ಟೆಯ ಮೇಲೇ ಬಿಟ್ಟು ದೇವರ ಕೋಣೆಗೆ ಹೋಗಿ ಕುಳಿತೆ. ವಿಭೂತಿ ಹಚ್ಚಿಕೊಂಡೆ, ಮಂತ್ರ ಹೇಳಿಕೊಂಡೆ. ಮನಸ್ಸು ನಿಲ್ಲಲಿಲ್ಲ. ಐತ್ವಾರ ಅವರು ಹೋದರೆ, ಚಪ್ಪಲಿ ಅವರನ್ನು ಓಡಿಸಲು ಕಟ್ಟಿದ್ದು ಎಂಬ ಮಾಲಕಿಯ ಮಾತೇ ನಿಜವಾಗಿ ಉಳಿಯುತ್ತದೆ. ಸಂಜೆ ನಾಲ್ಕಕ್ಕೆ ಎದ್ದು ಬಾಜೂ ಮನೆಗೆ ಹೋದೆ.

ಅವಳು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದಳು. "ಬರ್ರಿ ಅಕ್ಕಾರ" ಎಂದು, ಕಟ್ಟಿಟ್ಟಿದ್ದ ಕುರ್ಚಿಯ ಹಗ್ಗ ಬಿಚ್ಚಿ ಹಾಕಿದಳು.

"ತಂಗೀ, ಅವತ್ತು ಕ್ಲಾಸಿನ್ಯಾಗ ನಾ ಸುಳ್ಳು ಹೇಳಿದೆ. ಎಣ್ಣಿ ನಾನ ಹೊಡದಿದ್ದೆ."

"ಗೊತ್ತದ ರೀ. ಆ ದಿನ ಒಣಗಾಕ ಹಾಕಿದ ಅರಿವಿ ಎಲ್ಲಾ ವಾಸನಿ ಹಿಡದು, ಎರಡನೇ ಸಲ ಒಗದೀನಿ."

"ಮತ್ತ್ಯಾಕ ಸುಮ್ಮನಿದ್ದಿ?"

"ದೇವರಾಣಿ ಅಂದ್ರಲ್ಲ. ದೇವರ ಮಾತಿನ ಮ್ಯಾಲ ನಾ ಹ್ಯಾಂಗ ಮಾತಾಡ್ಲಿ?" ಎಂದಳು. ಚುಚ್ಚಿದಳೋ ನಕ್ಕಳೋ ತಿಳಿಯಲಿಲ್ಲ. ಎರಡಕ್ಕೂ ನಾನು ತಕ್ಕವಳೇ.

"ಆ ಚಪ್ಪಲಿ ದೃಷ್ಟಿಗಂತ ಕಟ್ಟಿದ್ದವ್ವಾ. ನೀ ಹೂ ಚಂದ ಅದಾವ ಅಂದಿದ್ದಿ, ಆಮ್ಯಾಲ ಎಲ್ಲಾ ಉದರಿದ್ವು. ಹಿಂಗಾಗಿ..." ಎಂದು ಎಳೆದೆ.

ಅವಳು ಕೈಯಲ್ಲಿದ್ದ ತಾಟನ್ನು ಕೆಳಗಿಟ್ಟಳು. "ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮಗಿಂತ ಮೊದಲ ಇಲ್ಲಿದ್ದವ್ರೂ ಗಿಡ ನೋಡಿ ಚಂದ ಅದ ಅಂದಿರಬೇಕಲ್ರಿ?"

"ಅಂದಿದ್ರು."

"ಅವ್ರ ಬಾಗಲಕ್ಕೂ ಚಪ್ಪಲಿ ಕಟ್ಟಿದ್ರೇನು?"

ಅವರ ಕಾಲದಲ್ಲಿ ಕಾಯಿ ಹಿಡಿಯುತ್ತಿತ್ತು, ಕಟ್ಟುವ ಪ್ರಸಂಗ ಬರಲಿಲ್ಲ ಎಂದು ವಾದ ಮಾಡಬಹುದಿತ್ತು. ಬಾಯಿಯವರೆಗೆ ಬಂದಿತ್ತು. ಆದರೆ ಕಾಯಿ ಹಿಡಿಯದೆ ಹೋಗಿದ್ದರೂ ಅವರ ಬಾಗಿಲಿಗೆ ನಾನು ಕಟ್ಟುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಅವಳಿಗೂ.

"ಇಲ್ಲ" ಎಂದೆ. "ಕಟ್ತಿರಲಿಲ್ಲ. ತಪ್ಪಾತು ತಂಗಿ."

ಅವಳು ಚೀಲವನ್ನು ಪಕ್ಕಕ್ಕೆ ಸರಿಸಿದಳು. "ಮನಸಿನ್ಯಾಗ ಇಟ್ಕೊಂಡಿಲ್ಲ ಅಂದ್ರ ನಂದೂ ಸುಳ್ಳಾಗ್ತದ ಅಕ್ಕಾರ. ಇಟ್ಕೊಂಡೀನಿ. ನಿಮ್ಮ ಚಪ್ಪಲಿಗೆ ಅಂಜಿ ಹೊಂಟಿಲ್ಲ, ವರ್ಗ ಆಗ್ಯದ ಅಂತ ಹೊಂಟೀವಿ. ನನ್ನದಿರ್ಲಿ. ಮಗಳು ಈಗ ಶಾಲಿಯಿಂದ ಬರ್ತಾಳ. ಈ ಮಾತು ಆಕಿಗೆ ಹೇಳ್ರಿ. ಮೂರು ವರ್ಷ ಆಕಿಗೆ ನಾನು ಏನೂ ಹೇಳಲಾರದ ಕುಂತೀನಿ."

ಹನ್ನೆರಡು ವರ್ಷದ ಹುಡುಗಿಗೆ! ಓಡಿಹೋಗಬೇಕೆನಿಸಿತು. ಕುರ್ಚಿಯ ತುದಿಯಲ್ಲಿ ಕುಳಿತೇ ಇದ್ದೆ. ಎದ್ದು ಹೋಗದಂತೆ ಶಿವ ನನ್ನ ಕಾಲು ಹಿಡಿದಿಟ್ಟದ್ದು ಆ ದಿನದ ದೊಡ್ಡ ದಯೆ ಎಂದು ಈಗ ಅನಿಸುತ್ತದೆ.

ಹುಡುಗಿ ಬಂದು, ಚೀಲ ಇಳಿಸಿ, ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. "ಬಾರವ್ವಾ" ಎಂದೆ. ಹೇಳಿದೆ. ನಮ್ಮ ಗಿಡಕ್ಕೆ ಕಾಯಿ ಹಿಡಿಯದ್ದು ಯಾರ ಕಣ್ಣಿನಿಂದಲೂ ಅಲ್ಲ, ನಾನು ಹುಳಗಳನ್ನು ಕೊಂದದ್ದರಿಂದ. ಚಪ್ಪಲಿಯನ್ನು ನಿಮ್ಮ ಕಡೆ ಕಟ್ಟಿದ್ದು ದೊಡ್ಡವಳಾದ ನನ್ನ ತಪ್ಪು. ನಿಮ್ಮದೇನೂ ಇಲ್ಲ. ಹೇಳುವಾಗ ನೆಲದ ಬಂಡೆಯನ್ನೇ ನೋಡುತ್ತಿದ್ದೆ.

"ಹುಳ ಹಿಟ್ಟು ಒಯ್ಯೋದು ನಮ್ಮ ವಿಜ್ಞಾನದಾಗ ಅದ ರೀ ದೊಡ್ಡಮ್ಮ. ಪರಾಗಸ್ಪರ್ಶ" ಎಂದಳು ಹುಡುಗಿ.

"ನಿನಗ ಗೊತ್ತಿತ್ತೇನು ಹಂಗಾರ?"

"ಪಾಠ ಗೊತ್ತಿತ್ತು." ತಾಯಿಯ ಮುಖ ನೋಡಿದಳು, ಆಮೇಲೆ ನನ್ನ ಮುಖ. "ಖರೇ ನಾ ನೋಡಿದ್ರ ಉದರ್ತಾವೇನೋ ಅಂತ ಶಾಲಿಗೆ ಹೋಗೋವಾಗ ಮಾರಿ ಆ ಕಡಿ ಮಾಡ್ಕೊಂಡು ಹೋಗ್ತಿದ್ದೆ. ಹೂ ಇದ್ದಾಗ ಹಿಂದಿನ ಓಣಿಲಿಂದ ಹೋಗ್ತಿದ್ದೆ."

ಹಿಂದಿನ ಓಣಿ ಎಂದರೆ ಗಟಾರದ ಬದಿ, ಸುತ್ತುದಾರಿ. ಕೆಲವು ದಿನ ಅವಳು ಆ ಕಡೆಯಿಂದ ಬರುವುದನ್ನು ನಾನು ಮಾಳಿಗೆಯಿಂದ ನೋಡಿದ್ದೆ. ಗೆಳತಿಯರ ಜೊತೆ ತಿರುಗುತ್ತಾಳೆ ಎಂದುಕೊಂಡಿದ್ದೆ.

"ಇಲ್ಲವ್ವಾ, ನೀ ನೋಡಿದ್ರ ಏನೂ ಆಗೂದಿಲ್ಲ" ಎಂದೆ. ಹುಡುಗಿ "ಹ್ಞೂಂ ರೀ" ಎಂದಳು. ತಾಯಿಯತ್ತ ತಿರುಗಿ, ಸೈಕಲ್ಲು ಗಾಡಿಯಲ್ಲಿ ಹಿಡಿಸುತ್ತದೋ ಇಲ್ಲವೋ ಎಂದು ಕೇಳುತ್ತ ಒಳಗೆ ಹೋದಳು. ನಂಬಿದಳೋ, ಹಿರಿಯಳು ಹೇಳಿದಳೆಂದು ಒಪ್ಪಿದಳೋ, ನನಗೆ ತಿಳಿಯಲಿಲ್ಲ. ಮೂರು ವರ್ಷ ನಡೆದ ಸುತ್ತುದಾರಿಯನ್ನು ಒಂದು ಮಾತಿನಿಂದ ಹಿಂದಕ್ಕೆ ಕೊಡಲಾಗುವುದಿಲ್ಲ.

"ಮುದಗಲ್ಲಿನಾಕಿ ಫೋನ್ ಮಾಡಿದ್ಲು. ಬಾಡಿಗಿಯವ್ರನ್ನ ನೋಡು ಅಂದಾಳ. ನಾ ನೋಡೂದಿಲ್ಲ ಅಂತ ಹೇಳ್ತೀನಿ" ಎಂದೆ.

"ಹೇಳ್ರಿ" ಎಂದಳು ಅವಳು. ಅಷ್ಟೇ. ಮತ್ತೆ ತಾಟು ಎತ್ತಿಕೊಂಡು ಪೇಪರು ಸುತ್ತತೊಡಗಿದಳು.

ಓಣಿಯಲ್ಲಿ ಯಾರೋ "ನಳಾ ಬಂತು, ನಳಾ ಬಂತು!" ಎಂದು ಕೂಗಿದರು. ಐದು ದಿನಕ್ಕೊಮ್ಮೆ ಬರುವ ನೀರು, ಒಂದು ತಾಸು ನಿಂತರೆ ಪುಣ್ಯ. ಎದ್ದು ಮನೆಗೆ ಬಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡದ ಬಾಯಿಗೆ ಸೋಸುವ ಅರಿವೆ ಕಟ್ಟಿ ನಳದ ಕೆಳಗೆ ಹಿಡಿದೆ.