ಎಡಗಡೆಯ ಅಡುಗೆಮನೆ

ನನಗೆ ಒಂದು ಮನೆ ಬೇಕಿತ್ತು. ಮದುವೆಯಾದ ಮೇಲೆ ನಾಲ್ಕು ವರ್ಷ ಗಂಡ ದೋಹಾದಲ್ಲಿ, ನಾನು ಉಡುಪಿಯ ಹತ್ತಿರ ಅತ್ತೆಯ ಮನೆಯಲ್ಲಿ. ವರ್ಷಕ್ಕೊಮ್ಮೆ ಒಂದು ತಿಂಗಳು ಬರುವ ಗಂಡ ಎಂದರೆ ನೆಂಟರ ಹಾಗೆ. ಅವರು ಚಹಾಕ್ಕೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತಾರೆ ಎಂದು ನಾನು ಪ್ರತಿ ಸಲ ಕೇಳಬೇಕಾಗುತ್ತಿತ್ತು. ಕೊನೆಗೆ ಫ್ಯಾಮಿಲಿ ವೀಸಾ ಆಯಿತು. ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲೇ ಇವರು ಒಂದು ಕರಾರು ಹಾಕಿದರು.

"ಒಂದು ಬೇಸಿಗೆ ನೋಡುವ. ಇಲ್ಲಿ ಹೆಂಗಸರು ಒಳಗೇ ಕೂತು ಕೂತು, ಹೆದರಿ, ಅತ್ತು, ವಾಪಸ್ ಹೋದದ್ದು ನಾನು ನೋಡಿದ್ದೇನೆ. ನಿನಗೆ ಆಗದಿದ್ರೆ ಹೇಳು, ಟಿಕೆಟ್ ಮಾಡಿಸ್ತೇನೆ. ಬೇಜಾರೇನೂ ಇಲ್ಲ."

ಬೇಜಾರಿಲ್ಲವಂತೆ. ಅವರಿಗೆ ಇಲ್ಲದಿರಬಹುದು. ಪೆಟ್ಟಿಗೆ ಹಿಡಿದುಕೊಂಡು ಅತ್ತೆಯ ಮನೆಯ ಮೆಟ್ಟಿಲು ಮತ್ತೆ ಹತ್ತುವುದಕ್ಕಿಂತ ಈ ಮರಳಲ್ಲಿ ಒಣಗಿಹೋಗುವುದೇ ವಾಸಿ ಎಂದು ನಾನು ಕಾರಿನಲ್ಲೇ ತೀರ್ಮಾನ ಮಾಡಿದೆ. ಏನೇ ಆಗಲಿ, ಹೆದರಿಕೆ ಎಂಬ ಮಾತು ನನ್ನ ಬಾಯಿಂದ ಬರಬಾರದು.

ಮನೆ ದೋಹಾಕ್ಕೆ ತಾಗಿದ ಅಲ್ ರಯ್ಯಾನಿನಲ್ಲಿ. ಮನೆ ಎನ್ನುವುದು ಧಾರಾಳದ ಮಾತು. ದೊಡ್ಡದೊಂದು ವಿಲ್ಲಾಕ್ಕೆ ಪ್ಲೈವುಡ್ ಹೊಡೆದು ಐದು ಸಂಸಾರಗಳಿಗೆ ಹಂಚಿದ್ದರು, ಹಿಂಬದಿಯ ತುಂಡು ನಮ್ಮದು. ಒಂದು ಹಾಲ್, ಒಂದು ಮಲಗುವ ಕೋಣೆ, ಹಾಲಿನ ಬಲಗಡೆ ಅಡುಗೆಮನೆ, ಅದರಾಚೆ ಕಿಟಕಿಯಿಲ್ಲದ ಸ್ಟೋರ್. ಹಾಲಿನ ಎಡಗಡೆ ಬರೀ ಗೋಡೆ, ಗೋಡೆಯ ಆಚೆ ಬೀದಿ. ಈ ಬಲ ಎಡ ನೆನಪಿಟ್ಟುಕೊಳ್ಳಿ, ನಾನೇ ಅದನ್ನು ಮರೆಯುವ ಕಾಲ ಬಂತು.

ಗಲ್ಫಿನಲ್ಲಿ ಒಂದು ಪದ್ಧತಿ ಉಂಟು. ಕೆಲಸ ಬಿಟ್ಟು ಊರಿಗೆ ಹೊರಟವರು ಮನೆಯ ಸಾಮಾನನ್ನು ಮುಂದೆ ಬರುವವರಿಗೆ ಬಿಟ್ಟು ಹೋಗುತ್ತಾರೆ. ಬಿಟ್ಟದ್ದೆಲ್ಲ ಬಂದವರ ಪಾಲು, ಯಾರೂ ಕೇಳುವುದಿಲ್ಲ. ಹಾಗೆ ಎಷ್ಟೋ ಮಂದಿ ಬಿಟ್ಟು ಹೋದದ್ದು ನಮ್ಮಲ್ಲಿ ಒಂದರ ಮೇಲೊಂದು ಕೂತಿತ್ತು. ಮುಚ್ಚಳವಿಲ್ಲದ ಕುಕ್ಕರ್, ಕುಕ್ಕರ್ ಇಲ್ಲದ ಮುಚ್ಚಳ, ಒಂದು ಚೀಲ ತುಂಬ ಯಾವುದೋ ಟಿವಿಗಳ ರಿಮೋಟು, ಕಾಲು ಮುರಿದ ಇಸ್ತ್ರಿ ಮೇಜು, ಯಾರದೋ ಮಗುವಿನ ಒಂಟಿ ಚಪ್ಪಲಿ. ನಾನು ದಿನಕ್ಕೊಂದು ಮೂಲೆ ಹಿಡಿದೆ. ದಿನಕ್ಕೊಂದು ಕಪ್ಪು ಚೀಲ ತುಂಬಿಸಿ ಬೀದಿಯ ತುದಿಯಲ್ಲಿದ್ದ ಕಬ್ಬಿಣದ ಕಸದ ಡಬ್ಬಿಗೆ ಎತ್ತಿ ಹಾಕುತ್ತಿದ್ದೆ. ಎರಡು ತಿಂಗಳಲ್ಲಿ ನೆಲ ಕಂಡಿತು.

ಉಳಿದದ್ದು ಸ್ಟೋರಿನಲ್ಲಿದ್ದ ಒಂದು ಕಾರ್ಟನ್. ಊರಿಗೆ ಒಯ್ಯಲು ಕಟ್ಟುವ ರಟ್ಟಿನ ಪೆಟ್ಟಿಗೆ, ಹಳದಿ ನೈಲಾನ್ ಹಗ್ಗವನ್ನು ಚೌಕ ಚೌಕವಾಗಿ ಬಿಗಿದಿದ್ದರು. ಹೆಸರು, ವಿಳಾಸ ಬರೆಯುವ ಜಾಗದ ಮೇಲೆ ಕಂದು ಟೇಪ್ ಅಂಟಿಸಿದ್ದರು. ಅದರ ಎದುರು ನೆಲದಲ್ಲಿ ಒಂದು ಸ್ಟೀಲ್ ಲೋಟ, ಲೋಟದಲ್ಲಿ ನೀರು.

"ಇದು ಯಾರದ್ದು?" ಎಂದು ಕೇಳಿದರೆ ಇವರು, "ಮೊದಲು ಇಲ್ಲಿ ಇದ್ದವರದ್ದು. ಅಲ್ಲೇ ಇರಲಿ ಮಾರಾಯ್ತಿ," ಎಂದು ಆಫೀಸಿಗೆ ಹೊರಟರು. ಯಾಕೆ ಇರಬೇಕು ಎಂದು ಹೇಳಲಿಲ್ಲ. ಕಾರಣ ಹೇಳದೆ ಹಾಕುವ ಅಪ್ಪಣೆಗೆ ನಾನು ಬಗ್ಗಿದವಳೇ ಅಲ್ಲ. ಲೋಟದ ನೀರು ಚೆಲ್ಲಿ, ತೊಳೆದು ಕವುಚಿ ಹಾಕಿದೆ. ಶನಿವಾರ ನೋಡಿದರೆ ಲೋಟ ಪುನಃ ಅಲ್ಲಿಯೇ, ತುಂಬ ನೀರು. ನಾನು ಇಟ್ಟಿರಲಿಲ್ಲ. ಇವರ ಹತ್ತಿರ ಕೇಳಿದರೆ ಹೆದರಿದ್ದಾಳೆ ಎಂದುಕೊಂಡಾರು ಎಂದು ಬಾಯಿ ಮುಚ್ಚಿದೆ.

ಜೂನ್‌ನಲ್ಲಿ ಧೂಳಿನ ಗಾಳಿ ಎದ್ದಿತು. ಹಗಲೇ ಕೆಂಪಾಗಿ, ಎದುರಿನ ಮನೆ ಕಾಣದಂತಾಯಿತು. ಕೂತು ಕೂತು ತಲೆ ಕೆಟ್ಟು ನಾನು ಕತ್ತರಿ ತಂದು ಆ ಹಗ್ಗ ಕತ್ತರಿಸಿದೆ.

ಒಳಗಿದ್ದದ್ದು ನೋಡಿ ನನ್ನ ಜೀವ ಅರಳಿತು. ಹಸಿರು ಬಣ್ಣದ, ಚಿನ್ನದ ಅಂಚಿನ ಕಿಟಕಿ ಪರದೆಗಳು. ಸೋಫಾಕ್ಕೆ ಹೊದೆಸುವ ಕಸೂತಿ ಬಟ್ಟೆ. ಒಂದು ಗೋಡೆ ಗಡಿಯಾರ. ಗಾಜಿನ ಬೋಗುಣಿಗಳು, ಒಂದೊಂದನ್ನೂ ಪೇಪರಿನಲ್ಲಿ ಸುತ್ತಿದ್ದರು. ಬಾಗಿಲಿಗೆ ಇಳಿಬಿಡುವ ಕಂದು ಮಣಿಗಳ ಪರದೆ. ನಡುವೆ ಸಾಬೂನಿನ ಕಟ್ಟುಗಳು, ಪರಿಮಳ ಇಡೀ ಪೆಟ್ಟಿಗೆಗೆ ಹಿಡಿದಿತ್ತು. ಇಷ್ಟು ಒಳ್ಳೆಯ ಸಾಮಾನು ಬಿಟ್ಟು ಹೋದವರು ಯಾರಪ್ಪ ಪುಣ್ಯಾತ್ಮರು ಎಂದುಕೊಂಡೆ. ಬಿಟ್ಟದ್ದು ಬಂದವರ ಪಾಲು ತಾನೇ.

ಒಮ್ಮೆಲೇ ತೆಗೆದರೆ ಇವರು ಏನಾದರೂ ಅಂದಾರು ಎಂದು ವಾರಕ್ಕೊಂದು ತೆಗೆದೆ. ಮೊದಲು ಗಡಿಯಾರ, ಆಮೇಲೆ ಸೋಫಾದ ಬಟ್ಟೆ. ನಮ್ಮದು ಇಬ್ಬರು ಕೂರುವ ಸೋಫಾ, ಬಟ್ಟೆ ಮೂವರು ಕೂರುವಂಥದ್ದಕ್ಕೆ, ಮಡಚಿ ಹೊದೆಸಿದೆ. ಪರದೆ ಹಾಕಿದರೆ ಒಂದು ಗೇಣು ಉದ್ದವಾಗಿ ನೆಲಕ್ಕೆ ಬಿದ್ದಿತು. ನಮ್ಮ ಅಡುಗೆಮನೆಗೆ ಮರದ ಬಾಗಿಲು ಇದ್ದುದರಿಂದ ಮಣಿಪರದೆಗೆ ಜಾಗವಿರಲಿಲ್ಲ. ಚಂದಕ್ಕೆಂದು ಎಡಗಡೆಯ ಖಾಲಿ ಗೋಡೆಗೆ ಇಳಿಬಿಟ್ಟೆ.

ಪರದೆ ಹಾಕಿದ ದಿನ ಇವರು ಬಾಗಿಲಲ್ಲೇ ನಿಂತರು. ಚಂದ ಉಂಟು ಎನ್ನುತ್ತಾರೆ ಎಂದು ನಾನು ಕಾದೆ. ಚಪ್ಪಲಿ ಬಿಚ್ಚಿ ನೇರ ಅಡುಗೆಮನೆಗೆ ನಡೆದರು. ಆಮೇಲೆ ಅವರು ಹಾಲಿನಲ್ಲಿ ಕೂರುವುದನ್ನೇ ಬಿಟ್ಟರು. ಊಟವನ್ನು ಅಡುಗೆಮನೆಯಲ್ಲಿ ನಿಂತೇ ಮುಗಿಸುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಇಡೀ ದಿನ ಬೆವರು ಸುರಿಸಿ ಮನೆ ಚಂದ ಮಾಡಿದರೆ ಗಂಡಸಿಗೆ ಕೂರಲೂ ಮನಸ್ಸಿಲ್ಲ.

ಅಲ್ಲಿಯ ಬೇಸಿಗೆಯಲ್ಲಿ ಮಧ್ಯಾಹ್ನವೇ ನಿರ್ಜನ. ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿ, ಬೀದಿಯಲ್ಲಿ ಬೆಕ್ಕೂ ಇರುವುದಿಲ್ಲ. ಎ.ಸಿ. ಸದ್ದಿನಲ್ಲಿ ಬೇರೆ ಏನೂ ಕೇಳಿಸದು. ಅಂಥ ಒಂದು ಮಧ್ಯಾಹ್ನ ಸೋಫಾದಲ್ಲಿ ಕಣ್ಣು ಮುಚ್ಚಿದ್ದವಳು ಬಾಯಾರಿ ಎದ್ದೆ, ಅಡುಗೆಮನೆಗೆ ನಡೆದೆ, ಎರಡು ಕೈಯಿಂದ ಮಣಿ ಸರಿಸಿದೆ. ಹಣೆಗೆ ಗೋಡೆ ಬಡಿಯಿತು. ಬಿಸಿಲಿಗೆ ಕಾದ ಗೋಡೆ, ಮೈಯಷ್ಟು ಬೆಚ್ಚಗಿತ್ತು.

ನಿದ್ದೆಗಣ್ಣು ಎಂದುಕೊಂಡೆ. ಮರುದಿನವೂ ಹಾಗೆಯೇ ಆಯಿತು. ಮೂರನೆಯ ಸಲ ನಾನು ಮಲಗಿರಲೇ ಇಲ್ಲ. ಅಕ್ಕಿ ಆರಿಸುತ್ತಿದ್ದವಳು ತಟ್ಟೆ ಹಿಡಿದು ನೇರ ಎಡಕ್ಕೆ ಹೋಗಿದ್ದೆ. ಆ ಗೋಡೆಯ ಹಿಂದೆ ಒಲೆ ಎಲ್ಲಿದೆ, ನೀರಿನ ಕೊಡ ಎಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂದು ಕೇಳಬೇಡಿ. ಸಂಜೆ ಇವರು ಬಂದು "ಹಣೆಗೆ ಎಂತ ಆಯ್ತು?" ಎಂದರು. "ಕಪಾಟಿನ ಬಾಗಿಲು ತಾಗಿತು," ಎಂದೆ. ಬೇಸಿಗೆ ಮುಗಿಯಲು ಇನ್ನೂ ಎರಡು ತಿಂಗಳಿತ್ತು.

ಮರುದಿನ ಕಾರ್ಟನನ್ನೇ ಖಾಲಿ ಮಾಡಿ ಎಸೆಯುವ ಎಂದು ತಳ ತಡಕಿದೆ. ಒಂದು ಚೀಟಿ ಸಿಕ್ಕಿತು. ಕನ್ನಡ ಅಕ್ಷರ, ಬಾಲ್ ಪೆನ್ನಿನಲ್ಲಿ ಒತ್ತಿ ಬರೆದದ್ದು. ಹಾಲ್, ಪಡು ಕಿಟಕಿ, ಎದುರಿಗೆ ಅಳತೆ. ಸೋಫಾ, ಮೂರು ಜನರದ್ದು. ಅಡುಗೆಮನೆ ಬಾಗಿಲಿಗೆ ಮಣಿಪರದೆ. ಗಡಿಯಾರ, ದೇವರ ಕೋಣೆಯ ಎದುರು.

ನಾನು ಅಲ್ಲೇ ನೆಲದಲ್ಲಿ ಕೂತೆ. ಇದು ಯಾರೋ ಬಿಟ್ಟು ಹೋದ ಸಾಮಾನಲ್ಲ. ನಮ್ಮ ಕಡೆಯವರು ಯಾರೋ ಊರಲ್ಲಿ ಕಟ್ಟಿಸಿದ ಮನೆಗೆ ಅಳತೆ ತರಿಸಿ, ಹುಡುಕಿ ಹುಡುಕಿ ಕೊಂಡದ್ದು. ಹಾಗೆ ಕೊಂಡವರು ಇದನ್ನು ಬಿಟ್ಟು ಹೇಗೆ ಹೋದಾರು?

ಪಕ್ಕದ ಪೋರ್ಶನ್‌ನಲ್ಲಿ ಶಿರ್ವ ಕಡೆಯ ಕ್ಯಾಥೊಲಿಕ್ ಹೆಂಗಸೊಬ್ಬರಿದ್ದರು. ನಾನು ಊರಿನ ಹಾಗೆ ಬಾಯಮ್ಮ ಎಂದೇ ಕರೆಯುತ್ತಿದ್ದೆ. ಚೀಟಿ ತೋರಿಸಿದೆ. ಅವರು ಶಿಲುಬೆಯ ಗುರುತು ಹಾಕಿಕೊಂಡರು.

"ನಿಮಗೆ ಹೇಳ್ಲಿಲ್ವಾ ಅವ್ರು? ಪಾಪ, ಇದನ್ನು ಬರೆದ ಮನುಷ್ಯ ತೀರಿಕೊಂಡದ್ದು ನಿಮ್ಮ ಹಾಲ್‌ನಲ್ಲೇ. ಮಧ್ಯಾಹ್ನ. ಮರುದಿನ ಫ್ಲೈಟ್ ಇತ್ತು, ಹೊಸ ಮನೆಯ ಒಕ್ಕಲಿಗೆ, ಗೃಹಪ್ರವೇಶಕ್ಕೆ ಹೊರಟದ್ದು. ಹಗ್ಗ ಕಟ್ಟಿ ಕಾರ್ಟನ್ ಮೇಲೆ ಕೂತಿದ್ರಂತೆ. ನಿಮ್ಮ ಗಂಡನೇ ಇದ್ದದ್ದು ಹತ್ತಿರ."

ಶುಕ್ರವಾರದವರೆಗೆ ನಾನು ತಡೆದೆ. ಅಂದು ರಜೆ. ಇವರು ಹೊರಗೆ ಹೋದ ಹಾಗೆ ಮಾಡಿ ನಾನು ಬಟ್ಟೆ ಒಗೆಯುವಾಗ ಸ್ಟೋರಿಗೆ ಹೋದರು. ಹಿಂದೆಯೇ ಹೋಗಿ ನಿಂತೆ. ಇವರ ಕೈಯಲ್ಲಿ ನೀರು ತುಂಬಿದ ಲೋಟ ಇತ್ತು.

"ಸತ್ತವರ ಮನೆಗೆ ನನ್ನನ್ನು ತಂದು ಹಾಕಿದ್ರಲ್ಲ," ಎಂದೆ. "ಒಂದು ಮಾತು ಹೇಳ್ಲಿಕ್ಕೆ ಬಾಯಿ ಬರ್ಲಿಲ್ವಾ?"

ಇವರು ಲೋಟ ಕೆಳಗಿಟ್ಟು, ಅಲ್ಲೇ ಬಾಗಿಲಿಗೆ ಒರಗಿ ಕೂತರು.

"ನಮ್ಮ ಆಫೀಸಿನವರೇ. ಕಾರ್ಟನ್ ತೂಕ ಮಾಡ್ಲಿಕ್ಕೆ ನನ್ನನ್ನು ಕರೆದಿದ್ರು. ತುಂಬ ಬೆವರ್ತಿದ್ರು. ಒಂದು ಲೋಟ ನೀರು ಕೊಡು ಅಂದ್ರು. ನಾನು ಅಡುಗೆಮನೆಗೆ ಹೋದೆ. ತಣ್ಣಗಿನದ್ದು ಕೊಡುವ ಅಂತ ಫ್ರಿಜ್ಜಲ್ಲಿ ಬಾಟ್ಲಿ ಹುಡುಕಿದೆ. ನಳ್ಳಿ ನೀರೇ ಕೊಟ್ಟಿದ್ರೆ ಆಗ್ತಿತ್ತು. ನಾನು ಬರುವಾಗ ಖಲಾಸ್."

ಆಮೇಲೆ ಹೇಳಿದ್ದು ಕಾರ್ಟನಿನ ಕತೆ. ಹೆಣದ ಜೊತೆ ಅದು ಹೋಗಲಿಲ್ಲ. ತಮ್ಮ ಆ ವರ್ಷದ ರಜೆ ಮುಗಿದಿದ್ದರಿಂದ, ಊರಿಗೆ ಹೋಗುವವರ ಕೈಯಲ್ಲಿ ಕಳಿಸಿಕೊಡುತ್ತೇನೆಂದು ಇವರು ತೀರಿಕೊಂಡವರ ಹೆಂಡತಿಗೆ ಮಾತು ಕೊಟ್ಟಿದ್ದರು. ಆದರೆ ಸತ್ತವರು ಕಟ್ಟಿದ ಪೆಟ್ಟಿಗೆ ಎಂದರೆ ಯಾರೂ ಮುಟ್ಟಲೊಲ್ಲರು. ಹೆಸರಿನ ಮೇಲೆ ಟೇಪ್ ಹಾಕಿ ಕೇಳಿದರೂ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಮನೆ ಖಾಲಿ ಬಿದ್ದಿತ್ತು, ಯಾರೂ ಬರುವವರಿಲ್ಲ. ಕಡಿಮೆ ಬಾಡಿಗೆಗೆ ಸಿಕ್ಕಿದ್ದರಿಂದಲೇ ನನ್ನನ್ನು ಕರೆಸಿಕೊಳ್ಳಲು ಸಾಧ್ಯವಾಯಿತು.

"ನೀನು ಪರದೆ ಹಾಕಿದ ದಿನವೇ ಹೇಳ್ಬೇಕಿತ್ತು. ಹೇಳಿದ್ರೆ ನೀನು ಹೋಗ್ತೀಯ ಅಂತ ಸುಮ್ಮನಾದೆ," ಎಂದರು.

"ನನಗೆ ಹೆದರಿಕೆ ಆಗ್ತದೆ," ಎಂದೆ. ಮೂರು ತಿಂಗಳು ನುಂಗಿಟ್ಟ ಮಾತು. "ಆದ್ರೆ ಹೋಗುವುದು ಮಾತ್ರ ಇಲ್ಲ."

"ನನಗೂ ಆಗ್ತದೆ," ಎಂದರು. ಆ ಒಂದು ಮಾತಿಗೆ ನನ್ನ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧ ಈಗಲೂ ಉಂಟು.

ಟೇಪ್ ಕಿತ್ತೆವು. ವಿಳಾಸದ ಕೆಳಗೆ ಫೋನ್ ನಂಬರ್ ಇತ್ತು. ನಾನೇ ಅವರ ಹೆಂಡತಿಗೆ ಫೋನ್ ಮಾಡಿದೆ. ಆ ಹೆಂಗಸು ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರಿರಬೇಕು. ಅಕ್ಕ, ನಿಮ್ಮ ಪರದೆ ನನ್ನ ಕಿಟಕಿಯಲ್ಲಿ ಉಂಟು, ಗೊತ್ತಿಲ್ಲದೆ ತಪ್ಪು ಮಾಡಿದೆ ಎಂದು ಹೇಳಿದೆ. ಅವರು ಬೈಯಲಿಲ್ಲ.

"ಏನೂ ಕೊಳ್ಳಬೇಡ, ನಾನು ತರ್ತೇನೆ ಅಂದಿದ್ರು," ಎಂದರು. "ಹಾಗೆ ನಾನು ಕಿಟಕಿಗೆ ಏನೂ ಹಾಕ್ಲೇ ಇಲ್ಲ."

ನಾನು ತಡೆಯಲಾರದೆ ಕೇಳಿದೆ. "ಅಕ್ಕ, ನಿಮ್ಮ ಅಡುಗೆಮನೆ ಹಾಲಿನ ಯಾವ ಬದಿಗೆ?"

"ಎಡಬದಿಗೆ. ಯಾಕೆ?"

ಒಲೆ ಮೂಡು ಗೋಡೆಗೆ, ನೀರಿನ ಕೊಡ ಬಾಗಿಲ ಪಕ್ಕ ಎಂದು ನಾನು ಹೇಳಲಿಲ್ಲ. ಸುಮ್ಮನೆ ಕೇಳಿದ್ದು ಎಂದೆ.

ಇಡೀ ಕಾರ್ಟನ್ ಯಾರೂ ಒಯ್ಯದಿದ್ದರೆ ಬೇಡ. ಊರಿಗೆ ಹೋಗುವ ಯಾರ ಹತ್ತಿರವಾದರೂ ಎರಡು ಕಿಲೋ ಒಯ್ಯಿರಿ ಎಂದು ಕೇಳುವುದು ನಮ್ಮವರಲ್ಲಿ ಇದ್ದದ್ದೇ. ಮನೆಯನ್ನು ತುಂಬಿಸಿದ ಹಾಗೆಯೇ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿದೆ. ಸೋಫಾದ ಬಟ್ಟೆ ಬಾಯಮ್ಮನ ತಂಗಿಯ ಜೊತೆ ಹೋಯಿತು. ಗಡಿಯಾರವನ್ನು ಒಬ್ಬರು, ಬೋಗುಣಿಗಳನ್ನು ಮೂವರು ಹಂಚಿಕೊಂಡು ಒಯ್ದರು. ಕೇಳಿದವರಿಗೆಲ್ಲ ನಮ್ಮ ಅಕ್ಕನಿಗೆ ಎಂದೆ. ಹಸೀ ಸುಳ್ಳು, ಆದರೆ ಹೇಳುವಾಗ ನಾಲಿಗೆ ತಡವರಿಸಲಿಲ್ಲ. ಕೊನೆಗೆ ಮಣಿಪರದೆ, ಕಿಟಕಿಯ ಪರದೆ. ಅವು ಹೋದ ಮರುದಿನ ಮಧ್ಯಾಹ್ನ ಬಾಯಾರಿ ಎದ್ದೆ, ಬಲಕ್ಕೆ ತಿರುಗಿದೆ, ನೀರು ಕುಡಿದೆ. ಎಡಗೋಡೆ ಬರೀ ಗೋಡೆಯಾಗಿತ್ತು.

ಅಕ್ಟೋಬರಿನಲ್ಲಿ, ಮೊದಲ ಸಲ ಎ.ಸಿ. ಆರಿಸಿದ ದಿನ, ಊರಿಂದ ಆ ಅಕ್ಕನ ಫೋನ್ ಬಂತು. ಎಲ್ಲ ಬಂದು ಮುಟ್ಟಿತು, ಪರದೆ ಅಳತೆಗೆ ಸರಿಯಾಗಿ ಕೂತಿದೆ ಎಂದರು. ಆಮೇಲೆ ದನಿ ತಗ್ಗಿಸಿದರು.

"ಒಂದು ವಿಷಯ. ನಗಾಡ್ಬೇಡಿ. ಮಧ್ಯಾಹ್ನ ಮಲಗಿ ಎದ್ದವಳು ನಾನು ಬಲಬದಿಗೆ ಹೋಗ್ತೇನೆ. ಅಲ್ಲಿ ಗೋಡೆ. ದಿನಾ ಹಾಗೆಯೇ. ಯಾರಿಗೋ ನೀರು ಕೊಡ್ಲಿಕ್ಕುಂಟು, ತಡ ಆಯ್ತು ಅಂತ ಒಂದೇ ಗಡಿಬಿಡಿ ಆಗ್ತದೆ."

ನೀರಿನ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಇವರೂ ಹೇಳಿರಲಿಲ್ಲ.

"ನಗುವುದಿಲ್ಲ ಅಕ್ಕ," ಎಂದೆ. "ಒಂದು ಲೋಟ ನೀರು ತಂದು ಅಲ್ಲಿ ಇಡಿ. ನಳ್ಳಿಯದ್ದೇ ಸಾಕು, ತಣ್ಣಗಿನದ್ದು ಹುಡುಕಬೇಡಿ."

ಸಂಜೆ ಇವರು ಬಂದು ಬೋಳು ಕಿಟಕಿಯ ಎದುರು ನಿಂತರು. "ಬೇಸಿಗೆ ಮುಗಿಯಿತು. ಎಂತ ಮಾಡುವ? ಟಿಕೆಟ್ ಮಾಡಿಸ್ಲಾ?"

"ಪರದೆ ತರುವ," ಎಂದೆ. "ಮೊದಲು ನಮ್ಮ ಕಿಟಕಿ ಅಳೆಯಿರಿ."

ಇವರು ಸ್ಟೂಲ್ ಹತ್ತಿ ಅಳತೆಯ ಟೇಪ್ ಹಿಡಿದರು, ಇನ್ನೊಂದು ತುದಿ ನಾನು ಹಿಡಿದೆ. ಅಳತೆಯನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಂಡರು. ಕೆಳಗಿಳಿದು, ಬೆವರು ಒರೆಸಿಕೊಂಡು, ಬಹಳ ದಿನದ ಮೇಲೆ ಹಾಲಿನಲ್ಲಿ ಕೂತರು.

"ಒಂದು ಲೋಟ ನೀರು ಕೊಡು," ಎಂದರು.

ನಾನು ಓಡಿದೆ. ಬಲಗಡೆಗೆ ಆರೇ ಹೆಜ್ಜೆ. ಫ್ರಿಜ್ಜಿನ ಕಡೆ ನೋಡಲಿಲ್ಲ, ನಳ್ಳಿ ತಿರುಗಿಸಿ ಕೈಗೆ ಸಿಕ್ಕಿದ ಲೋಟ ತುಂಬಿಸಿದೆ. ಅರ್ಧ ದಾರಿಯಲ್ಲೇ ಚೆಲ್ಲಿತು. ಬಾಗಿಲು ದಾಟುವಾಗ ತಲೆ ಎತ್ತಲು ಧೈರ್ಯ ಬರಲಿಲ್ಲ, ನೆಲ ನೋಡುತ್ತಲೇ ಕೈ ಚಾಚಿದೆ. ಲೋಟ ನನ್ನ ಕೈಯಿಂದ ಹೋಯಿತು. ಇವರು ಗಟಗಟನೆ ಕುಡಿಯುವುದು ಕೇಳಿಸಿತು. "ಇನ್ನೊಂದು ಲೋಟ ತಾ," ಎಂದರು.