ಕಡವಿನಲ್ಲಿ ಉಳಿದ ನಾಯಿ

ಹೆಂಡತಿ ತೀರಿಹೋದ ಮೇಲೆ ನಾನು ಮಾಡಿದ ಒಂದು ಕೆಲಸವನ್ನು ಬೆಂಗ್ರೆಯವರು ಈಗಲೂ ಒಳ್ಳೆಯ ಕೆಲಸ ಎಂದೇ ತಿಳಿದಿದ್ದಾರೆ. ಬೀದಿಯ ನಾಯಿಗೆ ಮನೆ ಹುಡುಕಿಕೊಟ್ಟವ ಎಂದು ನನ್ನ ಬಗ್ಗೆ ಹೇಳುತ್ತಾರೆ. ಎದುರಿಗೆ ಹೇಳಿದಾಗ ನಾನು ತಲೆ ತಗ್ಗಿಸುತ್ತೇನೆ. ಅದನ್ನು ಸಂಕೋಚ ಎಂದುಕೊಳ್ಳುತ್ತಾರೆ. ಅದು ಸಂಕೋಚವಲ್ಲ. ಆದದ್ದನ್ನು ಆದ ಹಾಗೆಯೇ ಒಮ್ಮೆ ಬರೆದಿಡಬೇಕು ಎಂದು ಕುಳಿತಿದ್ದೇನೆ.

ನಾನು ಹತ್ತನೇ ತರಗತಿ ಮುಗಿಸಿ ಕಡಲಿಗೆ ಇಳಿದವನು. ಟ್ರಾಲ್ ಬೋಟು ನಡೆಸುವ ತಂಡೇಲನಾಗಿ ಬಹಳ ವರ್ಷ ದುಡಿದೆ. ಕಣ್ಣು ಮಂಜಾದ ಮೇಲೆ ಮಗ ಬೋಟಿಗೆ ಹೋಗುತ್ತಾನೆ, ನಾನು ದಡದಲ್ಲಿ ಕುಳಿತು ಹರಿದ ಬಲೆ ಹೆಣೆಯುತ್ತೇನೆ. ನಮ್ಮ ಬೆಂಗ್ರೆಗೆ ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ಹೊಳೆ. ಸುತ್ತಿ ಬರುವ ರಸ್ತೆ ಉಂಟು, ಆದರೆ ಪೇಟೆಗೆ ಹೋಗುವವರೆಲ್ಲ ಫೆರಿ ಹತ್ತಿ ಹೊಳೆ ದಾಟುವುದೇ ವಾಡಿಕೆ. ಆಚೆ ದಡದಲ್ಲಿ ಫೆರಿ ನಿಲ್ಲುವ ಕಡವು, ಅದರ ಪಕ್ಕದಲ್ಲೇ ಬೋಟುಗಳು ಮೀನು ಇಳಿಸುವ ದಕ್ಕೆ.

ಆ ನಾಯಿ ನಮಗೆ ಸಿಕ್ಕಿದ್ದು ಮಳೆಗಾಲದಲ್ಲಿ. ಆಗ ಬೋಟುಗಳು ಕಡಲಿಗೆ ಇಳಿಯಬಾರದು ಎಂಬ ನಿಷೇಧ ಇರುತ್ತದೆ. ದಕ್ಕೆಗೆ ಮೀನು ಬರುವುದಿಲ್ಲ. ಮೀನಿನ ತಲೆ, ಕರುಳು ತಿಂದು ಬದುಕುವ ನಾಯಿಗಳ ಹೊಟ್ಟೆ ಬೆನ್ನಿಗೆ ಅಂಟುತ್ತದೆ. ಹೆಂಡತಿಗೆ ಆಗಲೇ ಕಾಯಿಲೆ. ಆಸ್ಪತ್ರೆಗೆ ತೋರಿಸಿ ವಾಪಸು ಬರುವಾಗ ಒಂದು ಹೆಣ್ಣು ನಾಯಿ ಅವಳ ಹಿಂದೆಯೇ ಫೆರಿ ಹತ್ತಿ, ಅವಳ ಒದ್ದೆ ಸೀರೆಯ ಅಂಚಿಗೆ ಒರಗಿ ಮಲಗಿತು. ಕಂದು ಬಣ್ಣ, ಒಂದು ಕಿವಿ ಮಡಚಿದ ಹಾಗೆ.

"ಯಾರದ್ದು ಇದು? ಇಳಿಸಿ, ಇಳಿಸಿ" ಎಂದು ಫೆರಿಯವ ಕೂಗಿದ.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ "ನಮ್ಮದು" ಎಂದಳು.

"ನಿಮ್ಮದಾ? ಎಂತ ಅಕ್ಕ, ನಿಮ್ಮ ನಾಯಿಗೆ ಊಟ ಹಾಕುದಿಲ್ವಾ? ಎಲುಬು ಒಂದೊಂದೇ ಕಾಣ್ತದಲ್ಲ."

"ಇವತ್ತಿಂದ ಹಾಕ್ತೇನೆ. ನೀನು ಬೋಟು ಬಿಡು ಮಾರಾಯ, ಮಳೆ ಬರ್ತಾ ಉಂಟು."

ಫೆರಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಅವಳ ಮೇಲೆ ಸಿಟ್ಟು ಬಂತು. ಕೂತಲ್ಲಿಂದ ಏಳಲು ನನ್ನ ಕೈ ಹಿಡಿಯಬೇಕಾದವಳಿಗೆ ನಾಯಿ ಯಾಕೆ ಎಂದು. ಆದರೆ ಅಷ್ಟು ಜನರ ಎದುರಿನಲ್ಲಿ ಹೊಳೆಯ ಕಡೆಗೆ ಮುಖ ತಿರುಗಿಸಿ ಕೂತೆ.

ಅವಳು ಅದಕ್ಕೆ ಹೆಸರು ಇಡಲಿಲ್ಲ. "ಪೊಣ್ಣೇ" ಎಂದು ಕರೆಯುತ್ತಿದ್ದಳು. ನಮ್ಮ ತುಳುವಿನಲ್ಲಿ ಹುಡುಗಿಯನ್ನು ಕರೆಯುವ ಮಾತು ಅದು. ಮಧ್ಯಾಹ್ನ ಬೂತಾಯಿ ಮೀನಿನ ಮುಳ್ಳು ಬಿಡಿಸಿ, ಅನ್ನದಲ್ಲಿ ಕಲಸಿ, ಮೊದಲು ಅದಕ್ಕೆ ಹಾಕಿ ಆಮೇಲೆ ನನಗೆ ಬಡಿಸುತ್ತಿದ್ದಳು.

"ಗಂಡನಿಗಿಂತ ಮೊದಲು ನಾಯಿಗಾ?" ಎಂದು ನಾನು ಕೇಳಿದೆ.

"ಗಂಡನಿಗೆ ಬಾಯಿ ಉಂಟು. ಹಸಿದರೆ ಬೊಬ್ಬೆ ಹೊಡೀತಾನೆ."

ಸೊಸೆ ಒಳಗೆ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕದ್ದು ನನಗೆ ಕೇಳಿಸಿತು.

ನವರಾತ್ರಿ ಹೊತ್ತಿಗೆ ಹೆಂಡತಿಗೆ ಏಳಲಾಗದ ಹಾಗೆ ಆಯಿತು. ನಾಯಿ ಅವಳ ಕೋಣೆಯ ಹೊಸ್ತಿಲಲ್ಲಿ ಮಲಗುತ್ತಿತ್ತು, ಒಳಗೆ ಕಾಲಿಡುತ್ತಿರಲಿಲ್ಲ. ಒಂದು ದಿನ ಗಂಜಿ ಕುಡಿಸುವಾಗ ಅವಳು ನನ್ನ ಕೈಯ ಲೋಟ ತಡೆದು ಹೇಳಿದಳು: "ನೋಡಿ, ನಿಮಗೆ ಅದನ್ನು ಸಾಕ್ಲಿಕ್ಕೆ ಆದರೆ ಸಾಕಿ. ಆಗದಿದ್ದರೆ ಒಂದು ಒಳ್ಳೆಯ ಮನೆ ನೋಡಿ ಕೊಡಿ. ದಾರಿಯಲ್ಲಿ ಬಿಡಬೇಡಿ." ನಾನು ಹೂಂ ಎಂದೆ. ಮಕ್ಕಳ ಬಗ್ಗೆ, ಮನೆಯ ಬಗ್ಗೆ ಅವಳು ಏನೂ ಹೇಳಲಿಲ್ಲ. ಕೇಳಿದ್ದು ಇದೊಂದೇ.

ದೀಪಾವಳಿ ಕಳೆದ ಮೇಲೆ ಅವಳು ಹೋದಳು. ಬೊಜ್ಜದವರೆಗೆ, ಅಂದರೆ ಉತ್ತರಕ್ರಿಯೆ ಮುಗಿಯುವವರೆಗೆ, ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ. ಅದು ಮುಗಿದು ಮೊದಲ ಸಲ ಮೀನು ಬೇಯಿಸುವ ದಿನ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯಲ್ಲಿ ಬಡಿಸಿ ಮನೆಯ ಹಿಂದೆ ಇಡುತ್ತೇವೆ. ಇಟ್ಟವರು ದೂರ ಸರಿದು, ಬೆನ್ನು ಹಾಕಿ ನಿಲ್ಲಬೇಕು. ನೋಡುತ್ತಾ ನಿಂತರೆ ಕಾಗೆ ಬರುವುದಿಲ್ಲ ಎನ್ನುತ್ತಾರೆ. ಕಾಗೆ ಮುಟ್ಟಿದರೆ ಸತ್ತವರು ಉಂಡರು ಎಂದು ಲೆಕ್ಕ. ಆಮೇಲೆ ನಮ್ಮ ಊಟ.

ಆ ದಿನ ನಾಯಿಯನ್ನು ಬಲೆಯ ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿದ್ದೆವು. ಬೂತಾಯಿಯ ಪುಳಿಮುಂಚಿ ಸಾರು, ಹುರಿದ ಕಾಣೆ ಮೀನು, ಕುಚ್ಚಲಕ್ಕಿ ಅನ್ನ, ಒಂದು ಲೋಟ ಚಹಾ. ತೆಂಗಿನ ಗರಿಯಲ್ಲಿ ಕಾಗೆಗಳು ಕೂತಿದ್ದವು. ಕೂಗುತ್ತಿದ್ದವು. ಇಳಿಯಲಿಲ್ಲ.

ಅಕ್ಕ, ಅಂದರೆ ನನ್ನ ಒಡಹುಟ್ಟಿದವಳು, ಉಳ್ಳಾಲದಿಂದ ಬಂದಿದ್ದಳು. "ಅವಳಿಗೆ ಏನೋ ಆಸೆ ಉಳಿದಿದೆ" ಎಂದಳು. "ನಡೆಸಿಕೊಡ್ತೇನೆ ಅಂತ ಬಾಯಿ ಬಿಟ್ಟು ಹೇಳು."

ನಾನು ಹೇಳಿದೆ. ಮಗ ಸೊಸೆಯನ್ನು ನೋಡಿಕೊಳ್ಳುತ್ತೇನೆ ಎಂದೆ. ವರ್ಷಾಂತಿಕ ಸರಿಯಾಗಿ ಮಾಡುತ್ತೇನೆ ಎಂದೆ. ಕುಡಿಯುವುದಿಲ್ಲ ಎಂದೂ ಹೇಳಿದೆ. ಕಾಗೆ ಬರಲಿಲ್ಲ. ಅವಳು ಕೇಳಿದ್ದ ಆ ಒಂದು ಮಾತು ನನಗೆ ನೆನಪಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಿತ್ತು. ಅಷ್ಟು ಸಂಬಂಧಿಕರ ಮುಂದೆ, ಬೊಜ್ಜದ ಎಲೆಯ ಹತ್ತಿರ ನಿಂತು ನಾಯಿಯ ಮಾತು ಹೇಳಲು ನಾಚಿಕೆಯಾಯಿತು.

ಹಿಂದಿನಿಂದ ಎಲೆ ಸರಿದ ಸದ್ದು ಕೇಳಿತು. ಕಾಗೆ ಬಂತು ಎಂದು ಎಲ್ಲರೂ ತಿರುಗಿದರು. ನಾಯಿ. ಕುತ್ತಿಗೆಯಲ್ಲಿ ಅರ್ಧ ಹಗ್ಗ ನೇತಾಡುತ್ತಿತ್ತು. ಅವಳ ಎಲೆಯಿಂದ ಬೂತಾಯಿ ತಿನ್ನುತ್ತಿತ್ತು.

"ಅಯ್ಯೋ, ನಾಯಿ ಮುಟ್ಟಿತು! ಇನ್ನು ಈ ಮನೆಗೆ ಏಳಿಗೆ ಉಂಟಾ!" ಎಂದು ಅಕ್ಕ ತಲೆ ಮೇಲೆ ಕೈ ಇಟ್ಟಳು.

ಗೋಡೆಗೆ ಒರಗಿಸಿದ್ದ ಬಿದಿರಿನ ಜಲ್ಲೆ ನನ್ನ ಕೈಗೆ ಹೇಗೆ ಬಂತೋ. ಹಿಂದಿನ ಕಾಲಿಗೆ ಹೊಡೆದೆ. ಮತ್ತೂ ಹೊಡೆದೆ. ಅದು ಕಿರುಚಲಿಲ್ಲ. ಬಾಯಲ್ಲಿದ್ದ ಮೀನನ್ನು ಕೆಳಗೆ ಇಟ್ಟು, ನನ್ನ ಮುಖ ನೋಡಿ, ಮೂರು ಕಾಲಿನಲ್ಲಿ ಕೊಟ್ಟಿಗೆಗೆ ಹೋಯಿತು. ತನ್ನಷ್ಟಕ್ಕೆ ಹೋಯಿತು, ಕಟ್ಟಿದ್ದ ಜಾಗಕ್ಕೇ.

ಎರಡನೆಯ ಎಲೆ ಬಡಿಸಿದರು. ಕಾಗೆ ಕೂಡಲೇ ಇಳಿಯಿತು. ಎಲ್ಲರಿಗೂ ಸಮಾಧಾನವಾಯಿತು, ಕೈ ತೊಳೆದು ಊಟಕ್ಕೆ ಕುಳಿತರು.

ಆ ಮೇಲೆ ನಾಯಿ ಮನೆಯಲ್ಲಿ ಇರುವುದು ಬೇಡ ಎಂದು ನಿಶ್ಚಯಿಸಿದೆ. ಅಪಶಕುನ ಎಂದು ಅಕ್ಕ ಹೇಳಿದ್ದು ನೆವ. ಕಾರಣ ಬೇರೆ. ಊಟದ ಹೊತ್ತಿಗೆ ಅದು ಕುಂಟುತ್ತಾ ಬಂದು ಅವಳ ಕೋಣೆಯ ಹೊಸ್ತಿಲಲ್ಲಿ ಕೂತು ಒಳಗೆ ನೋಡುತ್ತಿತ್ತು. ಆ ಕಾಲನ್ನೂ ಆ ಕಾಯುವುದನ್ನೂ ನನಗೆ ನೋಡಲಾಗಲಿಲ್ಲ. ಸೊಸೆ "ಇರಲಿ ಮಾವ, ನಾನು ಹಾಕ್ತೇನೆ ಅದಕ್ಕೆ" ಎಂದಳು. ನಾನು ಕೇಳಲಿಲ್ಲ. "ಒಳ್ಳೆಯ ಮನೆ ನೋಡಿ ಕೊಡಿ ಅಂತ ನಿನ್ನ ಅತ್ತೆಯೇ ಹೇಳಿದ್ದು" ಎಂದು ಅವಳ ಬಾಯಿ ಮುಚ್ಚಿಸಿದೆ. ಸತ್ತವಳ ಮಾತಿನ ಮೊದಲ ಅರ್ಧ ಬಿಟ್ಟು ಎರಡನೆಯ ಅರ್ಧವನ್ನು ಊರಿಗೆಲ್ಲ ಹೇಳಿದೆ.

ನಮ್ಮ ಬೋಟಿನ ಎಂಜಿನ್ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಒಬ್ಬರು ಪೇಟೆ ದಾಟಿ ಪಡೀಲಿನಲ್ಲಿ ಮನೆ ಕಟ್ಟಿದ್ದಾರೆ. ಅಂಗಳ ದೊಡ್ಡದು, ಕಾಯಲು ನಾಯಿ ಬೇಕಿತ್ತು. ಹಗ್ಗ ಕಟ್ಟಿ ಫೆರಿ ಹತ್ತಿಸಿದೆ, ಆಚೆಯಿಂದ ರಿಕ್ಷಾ ಮಾಡಿದೆ. ನಾಯಿ ದಾರಿಯುದ್ದಕ್ಕೂ ನನ್ನ ಕಾಲ ಮೇಲೆ ತಲೆ ಇಟ್ಟುಕೊಂಡೇ ಇತ್ತು.

"ಯಾರ ನಾಯಿ ಇದು?" ಎಂದು ಅವರು ಕೇಳಿದರು.

"ಯಾರದ್ದೂ ಅಲ್ಲ. ದಕ್ಕೆಯದ್ದು."

"ಕಾಲಿಗೆ ಎಂತ ಆಯ್ತು?"

"ಯಾರೋ ಪಾಪಿಗಳು ಹೊಡೆದಿರಬೇಕು."

ಅವರು ಚ್ಚು ಚ್ಚು ಎಂದು ಅದರ ಕಾಲು ಸವರಿದರು. ಒಳ್ಳೆಯ ಮನುಷ್ಯ. ಮನೆಯೂ ಒಳ್ಳೆಯದೇ. ನಾನು ತಿರುಗಿ ನೋಡದೆ ಬಂದೆ.

ಬರುವಾಗ ಫೆರಿಯವನಿಗೆ ಹೇಳಿದೆ: "ಆ ನಾಯಿ ಕಡವಿಗೆ ಬಂದರೆ ಹತ್ತಿಸಬೇಡ. ಅದಕ್ಕೆ ಈಗ ಬೇರೆ ಮನೆ ಉಂಟು. ಹೊಡೆದಾದರೂ ಓಡಿಸು." ದಕ್ಕೆಯ ನಾಯಿಗಳು ತಾವೇ ಫೆರಿ ಹತ್ತಿ ಇಳಿಯುವುದು ನಮ್ಮಲ್ಲಿ ಹೊಸದಲ್ಲ. ಅದು ಬಂದೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಹೇಳಿದ್ದು. "ಆಯ್ತು ತಂಡೇಲರೇ" ಎಂದ ಅವ. ಹಿರಿಯನ ಮಾತು ಎಂದು ಒಪ್ಪಿಕೊಂಡ. ಅವನದ್ದು ಏನೂ ತಪ್ಪಿಲ್ಲ.

ವಾರ ಕಳೆದಿರಲಿಲ್ಲ, ಪಡೀಲಿನಿಂದ ಫೋನು ಬಂತು. "ಹಗ್ಗ ಕಡಿದು ಹೋಗಿದೆ ಮಾರಾಯ್ರೆ. ಇಲ್ಲೆಲ್ಲ ಹುಡುಕಿದೆ. ನೀವೂ ಒಮ್ಮೆ ಕಡವಿನ ಹತ್ತಿರ ನೋಡಿ."

"ನೋಡ್ತೇನೆ" ಎಂದೆ. ನೋಡಲಿಲ್ಲ. ಬೆಳಿಗ್ಗೆ ಭೂಮಿಯ ಕಡೆಯಿಂದ ಗಾಳಿ ಬೀಸುವಾಗ ಹೊಳೆಯ ಆಚೆಯಿಂದ ಒಂದು ನಾಯಿಯ ಕೂಗು ಕೇಳುತ್ತಿತ್ತು. ದಕ್ಕೆಯಲ್ಲಿ ನಾಯಿಗಳಿಗೆ ಬರವೇ ಎಂದುಕೊಂಡು ಬಲೆಯ ಕಣ್ಣಿಗೆ ನೂಲು ಪೋಣಿಸುತ್ತಿದ್ದೆ. ಕೈ ತಪ್ಪುತ್ತಿತ್ತು. ಕಣ್ಣಿನ ದೋಷ ಎಂದುಕೊಳ್ಳುತ್ತಿದ್ದೆ.

ಕಡೆಗೆ ಆ ಕಣ್ಣನ್ನು ತೋರಿಸಲೆಂದೇ ಪೇಟೆಗೆ ಹೊರಟೆ. ಆಗ ಬೇಸಿಗೆ ಶುರುವಾಗಿತ್ತು. ಕಡವಿನ ಬಳಿ ಚಹಾದ ಅಂಗಡಿ ಇಟ್ಟಿರುವ ಬ್ಯಾರಿ ಮುಸ್ಲಿಮರೊಬ್ಬರನ್ನು ನಾವೆಲ್ಲ ಕಾಕ ಎಂದು ಕರೆಯುತ್ತೇವೆ. ಅವರ ಅಂಗಡಿಯ ಹಿಂದೆ, ಖಾಲಿ ಮೀನಿನ ಕ್ರೇಟುಗಳ ನೆರಳಿನಲ್ಲಿ ಅದು ಮಲಗಿತ್ತು. ಮಡಚಿದ ಕಿವಿ. ನಾನು "ಪೊಣ್ಣೇ" ಎಂದೆ. ಕಿವಿ ಅಲುಗಿತು. ನಾಯಿ ಏಳಲಿಲ್ಲ.

"ನಿಮ್ಮದಾ?" ಎಂದು ಕಾಕ ಕೇಳಿದರು.

"ನಮ್ಮದು."

"ಹಾಗಾದ್ರೆ ಇಷ್ಟು ದಿನ ಎಲ್ಲಿದ್ರಿ ನೀವು?" ಚಹಾ ಎತ್ತಿ ಹೊಯ್ಯುತ್ತಿದ್ದವರು ಕೈ ನಿಲ್ಲಿಸಿದರು. "ಪ್ರತಿ ಫೆರಿಗೂ ಓಡಿ ಹೋಗ್ತಿತ್ತು ಇದು. ಫೆರಿಯವರು ಜಲ್ಲೆಯಲ್ಲಿ ಹೊಡೆದು ಇಳಿಸ್ತಿದ್ರು. ಪುನಃ ಹೋಗ್ತಿತ್ತು. ಯಾಕಪ್ಪ ಹೊಡೀತೀರಿ ಅಂದ್ರೆ, ಯಾರೋ ದೊಡ್ಡವರು ಹೇಳಿದ್ದಂತೆ. ಎಂಥ ದೊಡ್ಡವರೋ ಮಾರಾಯ್ರೆ!"

ಅವರು ಕೊಟ್ಟ ಚಹಾ ಕೈಯಲ್ಲೇ ತಣ್ಣಗಾಯಿತು. ಕಣ್ಣಿನ ಡಾಕ್ಟರ ಹತ್ತಿರ ಹೋಗಲಿಲ್ಲ. ಮನೆಗೆ ಕರೆದುಕೊಂಡು ಹೋಗೋಣ ಎಂದು ಎಬ್ಬಿಸಿದೆ. ಬಂತು, ಕುಂಟುತ್ತಾ ಕಡವಿನ ಮೆಟ್ಟಿಲಿನ ತನಕ ನನ್ನ ಹಿಂದೆಯೇ ಬಂತು. ಫೆರಿಗೆ ಹಾಕಿದ ಹಲಗೆ ಕಂಡದ್ದೇ ನೆಲಕ್ಕೆ ಹೊಟ್ಟೆ ಒತ್ತಿ ಮಲಗಿತು. ಮೈ ಗಡಗಡ ನಡುಗುತ್ತಿತ್ತು. ಫೆರಿಯವ ವಿಷಯ ತಿಳಿದು, ಜಲ್ಲೆ ಬದಿಗಿಟ್ಟು "ಬಾ ಬಾ, ಬಾ ಮಗಾ" ಎಂದು ಎರಡೂ ಕೈ ಚಾಚಿದ. ಅದು ಅವನ ಕೈ ನೋಡಿ ಹಿಂದೆ ಹಿಂದೆ ಸರಿದು ಅಂಗಡಿಯ ಹಿಂದಕ್ಕೆ ಹೋಯಿತು.

ಮರುದಿನ ಹೋದೆ, ಅದರ ಮರುದಿನವೂ ಹೋದೆ. ಹಲಗೆಯ ತನಕ ಬರುತ್ತದೆ. ಹತ್ತುವುದಿಲ್ಲ. ರಸ್ತೆಯಲ್ಲಿ ಸುತ್ತಿಸಿ ಪಿಕಪ್‌ನಲ್ಲಿ ಕಟ್ಟಿ ತರೋಣ ಎಂದು ಮಗ ಹೇಳಿದ. ಬೇಡ ಎಂದೆ. ಕಟ್ಟಿ ಕೊಂಡುಹೋದದ್ದು ಒಂದು ಸಲ ಸಾಕು.

ಪಡೀಲಿಗೆ ಫೋನು ಮಾಡಿ ನಾಯಿ ಸಿಕ್ಕಿದೆ ಎಂದೆ. ಯಾರದ್ದೂ ಅಲ್ಲ ಎಂದದ್ದು ಸುಳ್ಳು ಎಂದೂ ಹೇಳಿದೆ.

"ಹಾಗಾದ್ರೆ ಕಾಲಿಗೆ?"

"ನಾನೇ."

ಫೋನು ಇಟ್ಟರು. ಅವರು ಇಷ್ಟರವರೆಗೆ ನನಗೆ ಪುನಃ ಫೋನು ಮಾಡಿಲ್ಲ.

ಕಾಕನ ಹತ್ತಿರವೂ ಆ ದೊಡ್ಡವ ನಾನೇ ಎಂದು ಹೇಳಿದೆ. ಬೈಯಲಿ ಎಂದೇ ಹೇಳಿದ್ದು. ಅವರು ಬೈಯಲಿಲ್ಲ. ಬೆಂಚು ಒರೆಸುತ್ತಾ ಹೇಳಿದರು: "ನಮ್ಮಲ್ಲಿ ನಾಯಿಯನ್ನು ಮನೆಯೊಳಗೆ ಸೇರಿಸುದಿಲ್ಲ. ನೆಕ್ಕಿದರೆ ತೊಳೆಯುವ ಕ್ರಮ ಉಂಟು. ಆದರೆ ಹಸಿದದ್ದಕ್ಕೆ ಹಾಕಬಾರದು ಅಂತ ಇಲ್ಲ. ಅಂಗಡಿ ಹಿಂದೆ ಇರಲಿ ಬಿಡಿ. ಬನ್ನು ತಿಂತದೆ, ಮಲಗ್ತದೆ. ಮಳೆ ಬಂದ್ರೆ ಮೇಲೊಂದು ತಗಡು ಹಾಕ್ತೇನೆ."

ಹಾಗೆ ಅದಕ್ಕೊಂದು ಮನೆ ಆಯಿತು. ನಾನು ಹುಡುಕಿದ್ದಲ್ಲ.

ಈಗ ಮಧ್ಯಾಹ್ನ ಸೊಸೆ ಮೀನು ಬೇಯಿಸಿದ ಮೇಲೆ, ನಾನು ಉಣ್ಣುವ ಮೊದಲು, ಬೂತಾಯಿಯ ಮುಳ್ಳು ಬಿಡಿಸಿ, ಅನ್ನದಲ್ಲಿ ಕಲಸಿ, ಬಾಳೆ ಎಲೆಯಲ್ಲಿ ಕಟ್ಟಿಕೊಂಡು ಫೆರಿ ಹತ್ತುತ್ತೇನೆ. ಕಣ್ಣು ಸರಿ ಇಲ್ಲ, ಮುಳ್ಳನ್ನು ಬೆರಳಿನಿಂದಲೇ ಹುಡುಕಬೇಕು. ಹೊತ್ತು ಹಿಡಿಯುತ್ತದೆ. ಅವಳಿಗೂ ಹೀಗೆಯೇ ಹೊತ್ತು ಹಿಡಿಯುತ್ತಿತ್ತು, ನಾನು ಹಸಿವಾಯಿತೆಂದು ಬೊಬ್ಬೆ ಹೊಡೆಯುತ್ತಿದ್ದೆ.

ಕ್ರೇಟುಗಳ ಪಕ್ಕ ಎಲೆ ಬಿಡಿಸಿ ಇಡುತ್ತೇನೆ. ಪೊಣ್ಣು ನನ್ನ ಕೈ ನೋಡುತ್ತದೆ. ನಾನು ನೋಡುತ್ತಾ ನಿಂತರೆ ಅದು ಮುಟ್ಟುವುದಿಲ್ಲ. ಅದಕ್ಕೆ ದೂರ ಸರಿದು, ಬೆನ್ನು ಹಾಕಿ, ಹೊಳೆಯ ಕಡೆಗೆ ಮುಖ ಮಾಡಿ ನಿಲ್ಲುತ್ತೇನೆ. ಆ ದಿನ ಹೇಳದೆ ಉಳಿಸಿದ ಮಾತನ್ನು ಆಗ ಮೆಲ್ಲಗೆ ಹೇಳುತ್ತೇನೆ: ಸಾಕ್ತೇನೆ, ದಾರಿಯಲ್ಲಿ ಬಿಡುದಿಲ್ಲ. ಚಹಾ ಕುಡಿಯುವವರು ಮುದುಕ ಒಬ್ಬನೇ ಮಾತಾಡುತ್ತಾನೆ ಎಂದು ನೋಡುತ್ತಾರೆ. ನೋಡಲಿ.

ಕೆಲವು ದಿನ ತುಂಬ ಹೊತ್ತು ನಿಲ್ಲಬೇಕಾಗುತ್ತದೆ. ಫೆರಿ ಒಂದು ಹೋಗುತ್ತದೆ, ಇನ್ನೊಂದು ಬರುತ್ತದೆ. ಹಿಂದೆ ಎಲೆ ಸರಿದ ಸದ್ದು ಕೇಳಿದ ಮೇಲೆ ನಾನು ಹಲಗೆಯ ಮೇಲೆ ಕಾಲಿಡುತ್ತೇನೆ.