ಎರಡೂಕಾಲು ಅಡಿ ಗೋಡೆ

ಆ ಬಾಲ್ಕನಿ ಗೋಡೆಯನ್ನು ಎರಡೂಕಾಲು ಅಡಿಗೆ ಇಳಿಸಿದ್ದು ನಾನು, ಮುನಿರಾಜಣ್ಣ. ನೀವಲ್ಲ. ನೀವು ನಾನು ಮಾಡಿಕೊಟ್ಟ ಪಟದಲ್ಲಿ ಇದ್ದದ್ದನ್ನು ಇದ್ದ ಹಾಗೆ ಕಟ್ಟಿದಿರಿ. ಆ ಮನೆಯ ರತ್ನಮ್ಮನವರು ಅದರ ಮೇಲಿಂದ ಬಿದ್ದು ತೀರಿಕೊಂಡ ಮೇಲೆ ನಾನು ಪಟವನ್ನೇ ಬದಲಾಯಿಸಿದೆ. ಬದಲಾಯಿಸಿ, ಹತ್ತು ಜನರ ಮುಂದೆ ಬಿಚ್ಚಿ ಹಿಡಿದು, ತಪ್ಪು ನಿಮ್ಮದೆಂದು ತೋರಿಸಿದೆ. ಇದಾಗಿ ಆರು ವರ್ಷ.

ನಿಮಗೆ ಗೊತ್ತಿರುವುದನ್ನೂ ಈ ಕಾಗದದಲ್ಲಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದನ್ನು ನೀವೊಬ್ಬರೇ ಓದಿ ಮಡಿಚಿಡಬಾರದು. ಯಲಹಂಕದಿಂದ ಹೆಬ್ಬಾಳದವರೆಗೆ ಯಾರು ಯಾರು ನಿಮ್ಮ ಕಡೆ ಬೆರಳು ಮಾಡಿದರೋ ಅವರಿಗೆಲ್ಲ ತೋರಿಸಬೇಕು. ಅವರಿಗೆ ಮೊದಲಿನಿಂದ ತಿಳಿಯಬೇಕಲ್ಲ.

ನನ್ನ ಕೆಲಸ ಏನು ಅಂತ ನೀವು ನೋಡಿದ್ದೀರಿ. ಆರ್.ಟಿ. ನಗರದಲ್ಲಿ ಜೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಕಂಪ್ಯೂಟರ್. ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆಂದು ಬಣ್ಣದ ಪಟ ಮಾಡಿ ಕೊಡುವುದು. ಆ ಸಾಫ್ಟ್‌ವೇರಿನಲ್ಲಿ ಗೋಡೆಯನ್ನು ಬೆರಳಲ್ಲಿ ಎಳೆದರೆ ಏಳುತ್ತದೆ, ಒತ್ತಿದರೆ ಕೂರುತ್ತದೆ. ಕೊನೆಗೆ ರೆಂಡರ್ ಅಂತ ಒತ್ತಿ ಇಪ್ಪತ್ತು ನಿಮಿಷ ಕಾದರೆ ನೆರಳು ಬೆಳಕಿನ ಸಮೇತ ಮನೆ ಬಂದು ನಿಲ್ಲುತ್ತದೆ. ಅಲ್ಲಿ ಕರೆಂಟ್ ತಂತಿ ಇರುವುದಿಲ್ಲ, ಪಕ್ಕದ ಮನೆಯವರ ಕರಿ ನೀರಿನ ಟ್ಯಾಂಕ್ ಇರುವುದಿಲ್ಲ, ಯಾವಾಗಲೂ ಬೆಳಗ್ಗೆ ಎಂಟು ಗಂಟೆಯ ಬಿಸಿಲು. ಜನ ಅದನ್ನು ನೋಡಿ ಮರುಳಾಗುತ್ತಾರೆ. ನನಗೂ ಅದರಲ್ಲೊಂದು ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ರತ್ನಮ್ಮನವರು ನನ್ನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಯಲಹಂಕದ ಹಿಂದಿನ ಹಳ್ಳಿಯವರು, ರಾಗಿ ಹೊಲವೆಲ್ಲ ಸೈಟುಗಳಾಗಿ, ಉಳಿದ ತುಂಡಿನಲ್ಲಿ ಸ್ವಂತಕ್ಕೊಂದು ಮನೆ ಏಳಿಸುತ್ತಿದ್ದರು. ಯಜಮಾನರು ಕೃಷ್ಣಪ್ಪನವರು ಎಲ್ಲವನ್ನೂ ಹೆಂಡತಿಗೇ ಬಿಟ್ಟಿದ್ದರು. ಆಯಮ್ಮನಿಗೆ ಬೇಕಿದ್ದದ್ದು ಒಂದೇ.

"ಮೇಲ್ಗಡೆ ಒಂದು ಉಯ್ಯಾಲೆ ಆಕ್ರಮ್ಮ. ರೋಡಲ್ಲಿ ಓಗೋರ್ಗೆ ಕಾಣ್ಬೇಕು."

ಬಾಲ್ಕನಿಯಲ್ಲಿ ಉಯ್ಯಾಲೆ ಹಾಕಿದೆ. ಗೋಡೆ ಮೂರೂವರೆ ಅಡಿ ಇತ್ತು, ಉಯ್ಯಾಲೆ ಅದರ ಹಿಂದೆ ಮುಳುಗಿಹೋಯಿತು. "ಬರೀ ಚೈನು ಕಾಣ್ತಾವಲ್ಲಮ್ಮ" ಅಂದರು. ನಾನು ಗೋಡೆಯನ್ನು ಹಿಡಿದು ಕೆಳಕ್ಕೆ ಎಳೆದೆ. ಮೂರು. ಎರಡೂಮುಕ್ಕಾಲು. ಎರಡೂಕಾಲಿಗೆ ಬಂದಾಗ ತೇಗದ ಮಣೆ, ಅದರ ಮೇಲಿನ ಕೆಂಪು ದಿಂಬು, ಎಲ್ಲ ಕಂಡವು. ಆಯಮ್ಮನ ಮುಖ ಅರಳಿತು. "ಇದೇ ಇರ್ಲಿ ಬುಡಿ" ಅಂದರು.

ಅಷ್ಟು ಗಿಡ್ಡ ಗೋಡೆ ಮೇಲಂತಸ್ತಿನಲ್ಲಿ ಇರಬಾರದು ಅಂತ ನನಗೆ ಗೊತ್ತಿತ್ತು. ಇದು ಬರೀ ಪಟ, ಅಳತೆಯ ಡ್ರಾಯಿಂಗಿನಲ್ಲಿ ಮೂರೂವರೆ ಅಂತಲೇ ಬರೆಯುತ್ತೇನೆ, ಮೇಸ್ತ್ರಿ ಅದನ್ನು ನೋಡಿ ಕಟ್ಟುತ್ತಾರೆ— ಹಾಗಂದುಕೊಂಡೆ. ಆ ಡ್ರಾಯಿಂಗನ್ನು ನಾನು ಮಾಡಲೇ ಇಲ್ಲ. ನಾಳೆ ನಾಳೆ ಅಂತ ತಳ್ಳಿದೆ. ಮಾಡಿದ್ದರೂ ಯಾರು ನೋಡುತ್ತಿದ್ದರು ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಮ್ಮ ಕಡೆ ಬಣ್ಣದ ಪಟ ಇದ್ದ ಮೇಲೆ ಗೀಟಿನ ಡ್ರಾಯಿಂಗ್ ಯಾರಿಗೆ ಬೇಕು, ಮನೆಯವರು ಎದುರಿಗೆ ನಿಂತು ಪಟದ ಥರಾನೇ ಬೇಕು ಅನ್ನುತ್ತಾರೆ. ಆದರೆ ನೀವು ಹಾಗೆ ಸುಮ್ಮನೆ ಕಟ್ಟಲಿಲ್ಲ. ನೀವು ಕೇಳಿದಿರಿ.

ಅದು ನೆನಪಿದೆಯಾ ಮುನಿರಾಜಣ್ಣ? ಮಧ್ಯಾಹ್ನ ಫೋನ್ ಮಾಡಿದ್ದಿರಿ. ನಾನು ಹೆಬ್ಬಾಳದ ಫ್ಲೈಓವರ್ ಮೇಲೆ ಆಟೋದಲ್ಲಿ ಸಿಕ್ಕಿಕೊಂಡು ಕುದಿಯುತ್ತಿದ್ದೆ.

"ಮೇಡಂ, ಬಾಲ್ಕನಿ ಗೋಡೆ ಎಷ್ಟಕ್ಕೆ ನಿಲ್ಲುಸ್ಲಿ? ಫೋಟೋದಾಗೆ ಬಲೇ ಕಮ್ಮಿ ಕಾಣ್ತದೆ."

"ಅದ್ರಲ್ಲಿ ಇರೋ ಹಾಗೇ ಮಾಡಿ ಮೇಸ್ತ್ರಿ. ಎಲ್ಲದಕ್ಕೂ ನನ್ನೇ ಕೇಳ್ಬೇಡಿ."

ಇಷ್ಟೇ ನಾನು ಹೇಳಿದ್ದು. ಒಂದು ನಿಮಿಷ ಯೋಚಿಸಿದ್ದರೆ— ಯೋಚಿಸಲಿಲ್ಲ. ನನ್ನ ಬಾಯಿ ಯಾವಾಗಲೂ ಮುಂದು, ಅದು ನಿಮಗೂ ಗೊತ್ತು. ನೀವು "ಆಯ್ತಮ್ಮ" ಅಂದು ಫೋನ್ ಇಟ್ಟಿರಿ. ಆರನೇ ದಿನಕ್ಕೆ ಗೋಡೆ ಎದ್ದಿತ್ತು.

ಗೃಹಪ್ರವೇಶವಾಗಿ ಎಂಟು ತಿಂಗಳಿಗೆ, ಒಂದು ಬೆಳಗ್ಗೆ, ರತ್ನಮ್ಮನವರು ಬಾಲ್ಕನಿಯಲ್ಲಿ ನಿಂತು ಜಮಖಾನೆ ಕೊಡವುತ್ತಿದ್ದರು. ದೊಡ್ಡ ಜಮಖಾನೆ. ಗೋಡೆಯಾಚೆ ಬೀಸಿ ಕೊಡವುವಾಗ ಅದರ ಭಾರ ಆಯಮ್ಮನನ್ನೂ ಎಳೆದುಕೊಂಡಿತು. ತಡೆಯಬೇಕಾದ ಗೋಡೆ ಮಂಡಿಯ ಮೇಲಕ್ಕೆ ಅಷ್ಟೇ ಇತ್ತು. ಕೆಳಗೆ ಗೇಟಿನ ಹತ್ತಿರದ ಸಿಮೆಂಟಿನ ಮೇಲೆ ಬಿದ್ದರು. ಮೂರು ದಿನ ಆಸ್ಪತ್ರೆಯಲ್ಲಿದ್ದರು, ಒಂದು ಸಲವೂ ಕಣ್ಣು ಬಿಡಲಿಲ್ಲ.

ತಿಥಿಯ ದಿನ ಕೃಷ್ಣಪ್ಪನವರ ತಮ್ಮ ನನಗೆ ಫೋನ್ ಮಾಡಿದರು. "ಗೋಡೆ ಎಷ್ಟು ಕೊಟ್ಟಿದ್ರಿ ನೀವು? ಪೇಪರ್ ತಗೊಂಡು ಬನ್ನಿ, ಮೇಸ್ತ್ರೀನೂ ಕರ್ಸಿದೀವಿ" ಅಂದರು.

ಈಗ ಬರೆಯುವುದನ್ನು ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು.

ಆಗ ನಾನು ಪಟವನ್ನು ಯಾರ ಫೋನಿಗೂ ಕಳಿಸುತ್ತಿರಲಿಲ್ಲ. ಕಳಿಸಿದರೆ ಬೇರೆಯವರ ಹತ್ತಿರ ಹೋಗಿ ಅದನ್ನೇ ಕಾಪಿ ಮಾಡಿಸುತ್ತಾರೆ ಅಂತ ಒಂದೇ ಒಂದು ಪ್ರಿಂಟ್ ಕೊಡುತ್ತಿದ್ದೆ. ಆ ಮನೆಯದ್ದನ್ನು ನೀವು ಸೈಟಿನ ಸಿಮೆಂಟ್ ಶೆಡ್ಡಿನೊಳಗೆ ಅಂಟಿಸಿಕೊಂಡಿದ್ದಿರಿ. ನಾನು ಮೊದಲು ಮಾಡಿದ್ದು ನಿಮಗೆ ಫೋನ್. "ಹಳೇ ಪ್ರಿಂಟ್ ಇದೆಯಾ ಮೇಸ್ತ್ರಿ?" ಅಂತ ಕೇಳಿದೆ. "ಶೆಡ್ ಕಿತ್ತಾಗ ಅದ್ರ ಜೊತೇಲೇ ಓಯ್ತಮ್ಮ. ಯಾಕೆ?" ಅಂದಿರಿ. "ಸುಮ್ನೆ" ಅಂದೆ.

ಆಮೇಲೆ ಕಂಪ್ಯೂಟರ್ ಮುಂದೆ ಕೂತು ಗೋಡೆಯನ್ನು ಮೂರೂವರೆ ಅಡಿಗೆ ಎಳೆದೆ. ರೆಂಡರ್ ಒತ್ತಿದೆ. ಇಪ್ಪತ್ತು ನಿಮಿಷ ಅಲ್ಲೇ ಕೂತಿದ್ದೆ, ಎದ್ದು ಹೋಗಬಹುದಿತ್ತು, ನಿಲ್ಲಿಸಬಹುದಿತ್ತು, ಒಂದು ಕೀ ಒತ್ತಿದರೆ ಸಾಕಿತ್ತು. ಒತ್ತಲಿಲ್ಲ. ಕೆಳಗೆ ಹೋಗಿ ಪ್ರಿಂಟ್ ತೆಗೆಸಿ, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿಕೊಂಡು ಹೊರಟೆ.

ಅವರ ಮನೆ ಮುಂದೆ ಶಾಮಿಯಾನದ ಕೆಳಗೆ ಅದನ್ನು ಬಿಚ್ಚಿದೆ. "ನಾನು ಮೂರೂವರೆ ಅಡಿ ಕೊಟ್ಟಿದ್ದೆ" ಅಂದೆ. ನನ್ನ ದನಿ ನಡುಗಲೂ ಇಲ್ಲ ಮುನಿರಾಜಣ್ಣ, ಅದು ನನಗೆ ಇವತ್ತಿಗೂ ಅಸಹ್ಯ. ನೀವು ಬಗ್ಗಿ ತುಂಬ ಹೊತ್ತು ನೋಡಿದಿರಿ.

"ಇದು ಇಂಗಿರ್ಲಿಲ್ಲ ಅನ್ಸುತ್ತೆ. ಬಾಗ್ಲು ಏಳಡಿ ಅಂತ ಇಟ್ಕಂಡು ಫೋಟೋ ಮೇಲೆ ದಾರ ಇಡ್ದು ಅಳ್ದಿದ್ನಲ್ಲಮ್ಮ. ಫೋನಲ್ಲೂ ಕೇಳಿದ್ನಲ್ಲ, ಏಳ್ರಮ್ಮ."

ಏಳ್ರಮ್ಮ ಅಂದಾಗ ನನ್ನ ಮುಖ ನೋಡಿದಿರಿ. ಆ ನೋಟದಲ್ಲಿ ಜಗಳ ಇರಲಿಲ್ಲ, ನಿಮಗೆ ನಿಜವಾಗಿ ಗೊತ್ತಾಗಬೇಕಿತ್ತು. ಕೃಷ್ಣಪ್ಪನವರೂ ಆ ಹಳೆಯ ಪಟ ನೋಡಿದ್ದರು, ಆದರೆ ಗೋಡೆಯ ಎತ್ತರ ಯಾರಿಗೆ ನೆನಪಿರುತ್ತದೆ? ನೆನಪಿದ್ದವರು ನಾವಿಬ್ಬರೇ. "ಫೋನ್ ಬಂದಿದ್ದು ನೆನಪಿಲ್ಲ" ಅಂದೆ. ಅವರ ತಮ್ಮ ನಿಮ್ಮ ಕೊರಳಪಟ್ಟಿ ಹಿಡಿದು ಹೊಡೆದರು. ಹೆಗಲ ಮೇಲಿನ ಟವೆಲ್ ಕೆಳಗೆ ಬಿತ್ತು. ನೀವು ಅದನ್ನು ಎತ್ತಿಕೊಂಡು, ಕೊಡವಿ, ಕೃಷ್ಣಪ್ಪನವರಿಗೆ ಕೈಮುಗಿದು ಹೋದಿರಿ.

ನಿಮ್ಮ ಕೈಕೆಳಗೆ ಹನ್ನೆರಡು ಜನ ಇದ್ದರು. ಎರಡು ತಿಂಗಳಲ್ಲಿ ಎಲ್ಲರೂ ಬೇರೆ ಮೇಸ್ತ್ರಿಗಳ ಹತ್ತಿರ ಹೋದರು ಅಂತ ಕೇಳಿದೆ. ಒಪ್ಪಿಕೊಂಡಿದ್ದ ಎರಡು ಮನೆಗಳೂ ಕೈತಪ್ಪಿದವು. ನನಗೆ ಮಾತ್ರ ಕೆಲಸ ಹೆಚ್ಚಿತು, ಆ ಮೇಡಂ ಕೊಟ್ಟ ಅಳತೆ ಸರಿಯಾಗಿತ್ತಂತೆ ಅಂತ ಜನ ಹುಡುಕಿಕೊಂಡು ಬಂದರು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಮಾಡಿದವಳು ನಾನು, ಉಂಡವರು ನೀವು. ಕುಂಬಳಕಾಯಿ ಕಳ್ಳನ ಹಾಗೆ ನಾನು ಮಾತ್ರ ಯಾರು ಬಾಲ್ಕನಿ ಅಂದರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತ ಬದುಕಿದೆ. ಆದರೂ ಬಾಯಿ ಬಿಡಲಿಲ್ಲ. ಇಷ್ಟು ದಿನವಾಯಿತು, ಮೇಸ್ತ್ರಿಯೂ ಹೇಗೋ ಸುಧಾರಿಸಿಕೊಂಡಿರುತ್ತಾರೆ— ಹೀಗೆ ಏನೇನೋ.

ಹೋದ ತಿಂಗಳು ಗೊರಗುಂಟೆಪಾಳ್ಯದ ಜಂಕ್ಷನ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕೂಲಿಗೆ ನಿಲ್ಲುವವರ ಸಾಲಿನಲ್ಲಿ ನಿಮ್ಮನ್ನು ನೋಡಿದೆ. ಗಾರೆ ಕೆಲಸದವರ ಕೈಯಲ್ಲಿ ಕರಣೆ ಇತ್ತು. ನೀವು ಬರಿಗೈಯಲ್ಲಿ, ಮರಳು ಹೊರುವವರ ಜೊತೆ ನಿಂತಿದ್ದಿರಿ. ತಪ್ಪಿಸಿಕೊಳ್ಳೋಣ ಅಂದುಕೊಂಡೆ, ಅಷ್ಟರಲ್ಲಿ ನೀವೇ ಹತ್ತಿರ ಬಂದಿರಿ. "ಚೆನ್ನಾಗಿದೀರಾ ಅಮ್ಮ?" ಅಂತ ಕೇಳಿದಿರಿ. ಯಾಕೆ ಇಲ್ಲಿ ಅಂದೆ. ಕೇಳಬಾರದಿತ್ತು.

"ಗೋಡೆ ಕೆಲ್ಸ ಬುಟ್ಬುಟ್ಟೆ ಕಣಮ್ಮ. ನನ್ ಕಣ್ಣು ಸರ್‍ಗಿಲ್ಲ. ನೀವು ಮೂರೂವರೆ ಕೊಟ್ಟಿದ್ದು ನಂಗೆ ಎರಡೂಕಾಲು ಅಂತ ಕಂಡದೆ ಅಂದ್ರೆ ಏನೇಳ್ಲಿ. ಫೋನ್ ಮಾಡ್ದೆ ಅಂತ್ಲೂ ನಾನೇ ಸುಮ್ನೆ ಅನ್ಕಂಡಿರ್ಬೇಕು. ಆಯಮ್ಮನ್ ಜೀವ ಓಯ್ತು. ಇನ್ನೊಬ್ರು ಮನೆಗೆ ಇಂಗಾಗೋದ್ ಬ್ಯಾಡ."

ಮೂವತ್ತು ವರ್ಷ ಗೋಡೆ ಕಟ್ಟಿದವರು ನೀವು. ನಿಮ್ಮ ಹೆಸರು ಕಿತ್ತುಕೊಂಡೆ, ಕೆಲಸ ಕಿತ್ತುಕೊಂಡೆ ಅಂತ ನನಗೆ ಗೊತ್ತಿತ್ತು. ನಿಮ್ಮ ಕಣ್ಣಿನ ಮೇಲೆ ನಿಮಗಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೇನೆ ಅಂತ ಗೊತ್ತಿರಲಿಲ್ಲ. ಆಯಮ್ಮನನ್ನು ಕೊಂದವರು ನೀವೇ ಅಂತ ನೀವು ಆರು ವರ್ಷದಿಂದ ನಂಬಿಕೊಂಡು ಬದುಕುತ್ತಿದ್ದೀರಿ. ಅದನ್ನು ಕೇಳಿಯೂ ನಾನು ಅಲ್ಲಿ ಹೇಳಲಿಲ್ಲ. ಬಸ್ಸು ಬಂತು, ಬರ್ತೀನಿ ಮೇಸ್ತ್ರಿ ಅಂದು ಹತ್ತಿದೆ. ಇದಕ್ಕೆ ಏನಂತ ಹೆಸರಿಡಬೇಕೋ ನೀವೇ ಇಡಿ.

ಭಾನುವಾರ ಕೃಷ್ಣಪ್ಪನವರ ಮನೆಗೆ ಹೋಗಿ ಎಲ್ಲ ಹೇಳಿದೆ, ಅವರ ತಮ್ಮನ ಎದುರಿಗೇ. ಕೃಷ್ಣಪ್ಪನವರು ಕೂತಲ್ಲಿಂದ ಏಳಲಿಲ್ಲ. "ಅವತ್ತೇ ಏಳಿದ್ರೆ ಏನ್ ಓಗ್ತಿತ್ತಮ್ಮ ನಿಂಗೆ?" ಅಂದರು. ತಮ್ಮ ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಅಂದರು, ಕೊಡಿ ಅಂದೆ. ಸ್ಟೇಷನ್ನಿನಲ್ಲೂ ಇದನ್ನೇ ಹೇಳುತ್ತೇನೆ. ಪಟ ಮಾಡುವ ಕೆಲಸ ನಿಲ್ಲಿಸಿದ್ದೇನೆ. ಅದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ, ತಿಳಿಸಿದೆ ಅಷ್ಟೆ. ಕ್ಷಮಿಸಿ ಅಂತ ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದೆ. ಅದನ್ನು ಕೇಳುವ ಮುಖ ನನಗಿಲ್ಲ.

ಕಂಪ್ಯೂಟರಿನಲ್ಲಿ ಗೋಡೆ ಏರಿಸುವ ಮುಂಚಿನ ಹಳೆಯ ಫೈಲ್ ಅಳಿಸಿರಲಿಲ್ಲ. ಯಾಕೆ ಇಟ್ಟುಕೊಂಡೆನೋ ಗೊತ್ತಿಲ್ಲ. ಅದರ ಪ್ರಿಂಟ್ ತೆಗೆಸಿ ಈ ಕಾಗದದ ಜೊತೆ ಇಟ್ಟಿದ್ದೇನೆ, ಹಿಂದೆ ನನ್ನ ಸಹಿ ಇದೆ. ನಿನ್ನೆ ನಾನೇ ಅಳೆದೆ. ಪಟದಲ್ಲಿ ಎರಡೂಕಾಲು ಅಡಿ. ನೀವು ಕಟ್ಟಿದ್ದೂ ಎರಡೂಕಾಲು ಅಡಿ, ಒಂದು ನೂಲೂ ಹೆಚ್ಚಿಲ್ಲ, ಕಮ್ಮಿ ಇಲ್ಲ. ನಿಮ್ಮ ಕಣ್ಣು ಸರಿಯಾಗಿದೆ, ಮುನಿರಾಜಣ್ಣ.